ಹಳೇ ಕಾರಿನ ಬಾಡಿ ಬಿರುಕು: ಸ್ಟ್ರಟ್ ಟವರ್‌ಗೆ ತೇಪೆ ಹಾಕುವ ಕ್ರಮ

ಭಾರತ್ ಸ್ಟೇಜ್ 4 ಹೊಗೆ ನಿಯಮ ಬಂದ 2010ರ ಏಪ್ರಿಲ್‌ನಿಂದ ಬೆಂಗಳೂರಿನಲ್ಲಿ ಹೊಸ ಮಾರುತಿ 800 ಮಾರಾಟ ನಿಂತುಹೋಯಿತು. ಇಲ್ಲಿ ಹೊಸದಾಗಿ ಕೊಂಡ ಯಾವ 800 ಆದರೂ ಈಗ 15 ವರ್ಷ ದಾಟಿದೆ. ಆರ್‌ಟಿಓದಲ್ಲಿ ಎಫ್‌ಸಿ (ಫಿಟ್‌ನೆಸ್ ಪರೀಕ್ಷೆ) ಮಾಡಿಸಿ, 5 ವರ್ಷಕ್ಕೊಮ್ಮೆ ಆರ್‌ಸಿ ನವೀಕರಿಸಿಕೊಂಡು ಓಡಿಸಬೇಕು. ಹಳೇ ಝೆನ್, ಎಸ್ಟೀಮ್, ಪದ್ಮಿನಿಗಳ ಪಾಡೂ ಇದೇ. ಇಂಜಿನ್ ಇನ್ನೂ ಗಟ್ಟಿಮುಟ್ಟಾಗಿರುತ್ತದೆ, ಸೋಲುವುದು ಬಾಡಿ. ಇವಕ್ಕೆ ಲಾರಿಯಂತೆ ಪ್ರತ್ಯೇಕ ಚಾಸಿ ಇಲ್ಲ, ಮಡಚಿ ಸ್ಪಾಟ್ ವೆಲ್ಡ್ ಮಾಡಿದ (ಚುಕ್ಕೆಚುಕ್ಕೆಯಾಗಿ ಬೆಸೆದ) ತಗಡೇ ಭಾರ ಹೊರುತ್ತದೆ. ಸ್ಟ್ರಟ್ ಟವರ್ ಅಂದರೆ ಸ್ಟ್ರಟ್‌ನ (ಮುಂದಿನ ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಜೋಡಿಯ) ಮೇಲ್ತುದಿ ಕೂರುವ ತಗಡಿನ ಗೂಡು. ಆದ್ದರಿಂದ ಡೋರಿನ ಬಿರುಕಿಗೂ ಸ್ಟ್ರಟ್ ಟವರ್ ಬಿರುಕಿಗೂ ಅಜಗಜಾಂತರ. ಮೊದಲನೆಯದಕ್ಕೆ ಪುಟ್ಟಿ ಬಳಿದರೂ ನಡೆದೀತು, ಎರಡನೆಯದಕ್ಕೆ ಪುಟ್ಟಿ ಬಳಿದರೆ ಅಪಾಯವನ್ನು ಮುಚ್ಚಿಟ್ಟ ಹಾಗೆ.

ಹುಡುಕಬೇಕಾದ ಜಾಗಗಳು ಹೆಚ್ಚೇನಿಲ್ಲ. ಬಾನೆಟ್ ತೆಗೆದರೆ ಕಾಣುವ ಸ್ಟ್ರಟ್ ಟವರ್ ತಲೆ, ಅಂದರೆ ಶಾಕ್ ಅಬ್ಸಾರ್ಬರ್‌ನ ಮೇಲಿನ ನಟ್‌ಗಳ ಸುತ್ತ. ಟವರ್ ಮತ್ತು ಅಪ್ರಾನ್ (ಇಂಜಿನ್ ಪಕ್ಕದ ಒಳ ತಗಡು) ಕೂಡುವ ಅಂಚು. ಕೆಳಗೆ, ಚಕ್ರವನ್ನು ಹಿಡಿದಿರುವ ಲೋವರ್ ಆರ್ಮ್‌ನ ರಬ್ಬರ್ ಬುಷ್ ಕೂರುವ ಬ್ರಾಕೆಟ್, ಹಿಂದಿನ ಸಸ್ಪೆನ್ಷನ್ ಹಿಡಿದಿರುವ ಬ್ರಾಕೆಟ್‌ಗಳು, ಜಾಕಿ ಕೊಡುವ ಜಾಗ, ರನ್ನಿಂಗ್ ಬೋರ್ಡ್ (ಡೋರಿನ ಕೆಳಗಿನ ಉದ್ದ ಪಟ್ಟಿ), ಸೀಟ್ ಬೆಲ್ಟ್ ಬೋಲ್ಟಿನ ಸುತ್ತಲಿನ ತಗಡು. ಹಂಪ್ ಹತ್ತಿಸುವಾಗ ಟಕ್ ಅನ್ನುವ ಸದ್ದು, ಎಷ್ಟು ಸಲ ಅಲೈನ್‌ಮೆಂಟ್ ಮಾಡಿಸಿದರೂ ಒಂದೇ ಬದಿಗೆ ಎಳೆಯುವುದು, ಜಾಕಿ ಏರಿಸಿದಾಗ ಡೋರ್ ಕಚ್ಚಿಕೊಳ್ಳುವುದು, ಇವು ಕಂಡರೆ ತಕ್ಷಣ ನೋಡಿ.

ಮೊದಲು ಸೀಮೆಎಣ್ಣೆ ಅಥವಾ ಡೀಸೆಲ್‌ನಲ್ಲಿ ಬ್ರಷ್ ಅದ್ದಿ ಮಣ್ಣು, ಗ್ರೀಸ್ ತೆಗೆದು, ಒಣಗಿಸಿ, ವೈರ್ ಬ್ರಷ್ ಹಾಕಿ. ಜಾಯಿಂಟಿಗೆ ಬಳಿದ ಸೀಲರ್ ಒಣಗಿ ಸೀಳಿರುವುದನ್ನೇ ಬಿರುಕು ಅಂದುಕೊಳ್ಳುವವರು ಬಹಳ. ಸೀಲರ್ ಕೆರೆದು ಕೆಳಗಿನ ಲೋಹ ನೋಡದೆ ತೀರ್ಮಾನ ಬೇಡ. ಗೀಟಿನಿಂದ ಕಂದು ನೀರು ಒಸರಿದ ಕಲೆ ಇದ್ದರೆ ಅನುಮಾನ ಗಟ್ಟಿಯಾಗುತ್ತದೆ. ಖಚಿತ ಮಾಡಿಕೊಳ್ಳಲು ಡೈ ಪೆನೆಟ್ರೆಂಟ್ ಸೆಟ್ ಸಾಕು: ಕ್ಲೀನರ್, ಕೆಂಪು ಡೈ, ಬಿಳಿ ಡೆವಲಪರ್, ಮೂರು ಡಬ್ಬಿ. ಪೀಣ್ಯದ ಕಡೆ ವೆಲ್ಡಿಂಗ್ ಸಾಮಾನಿನ ಅಂಗಡಿಗಳಲ್ಲಿ ಕೇಳಿ. ಪೇಂಟ್ ಪೂರ್ತಿ ತೆಗೆದು, ಕ್ಲೀನರ್‌ನಿಂದ ಒರೆಸಿ, ಡೈ ಹೊಡೆದು 10–15 ನಿಮಿಷ ಬಿಡಿ. ಮೇಲಿನ ಡೈಯನ್ನು ಕ್ಲೀನರ್ ಹಚ್ಚಿದ ಬಟ್ಟೆಯಲ್ಲಿ ಒರೆಸಿ. ಕ್ಲೀನರನ್ನು ನೇರವಾಗಿ ಅಲ್ಲಿಗೇ ಹೊಡೆದರೆ ಬಿರುಕಿನೊಳಗಿನ ಡೈ ಕೂಡ ತೊಳೆದುಹೋಗುತ್ತದೆ. ಆಮೇಲೆ ತೆಳ್ಳಗೆ ಡೆವಲಪರ್ ಹೊಡೆದರೆ ಬಿಳಿಯ ಮೇಲೆ ಕೆಂಪು ಗೆರೆ ಎದ್ದು ಬರುತ್ತದೆ. ಕಣ್ಣಿಗೆ 20 ಮಿ.ಮೀ. ಕಂಡದ್ದು ಇಲ್ಲಿ 35 ಆಗಿ ಕಂಡರೆ ಗಾಬರಿ ಬೇಡ, ಬಿರುಕಿನ ತುದಿ ಯಾವಾಗಲೂ ಕೂದಲಿಗಿಂತ ಸಣ್ಣ.

ಇಲ್ಲೇ ಯಾಕೆ ಬಿಟ್ಟಿತು?

ಇದಕ್ಕೆ ಉತ್ತರ ಸಿಗದೆ ವೆಲ್ಡಿಂಗ್ ಮಾಡಿಸಿದರೆ ಹಣ ದಂಡ. ಟವರ್ ತಲೆಯಲ್ಲಿ ಬಿರುಕಿದ್ದರೆ ಸ್ಟ್ರಟ್ ಮೌಂಟ್ ರಬ್ಬರ್ ನೋಡಿ. ಅದು ಹರಿದಿದ್ದರೆ ಪ್ರತಿ ಗುಂಡಿಯ ಪೆಟ್ಟೂ ಲೋಹದಿಂದ ಲೋಹಕ್ಕೆ ಹೋಗುತ್ತದೆ. ಶಾಕ್ ಅಬ್ಸಾರ್ಬರ್ ಎಣ್ಣೆ ಸೋರಿದ್ದರೆ ಅಥವಾ ಬಂಪ್ ಸ್ಟಾಪ್ (ಕೊನೆಯ ಪೆಟ್ಟು ತಡೆಯುವ ರಬ್ಬರ್) ಪುಡಿಯಾಗಿದ್ದರೆ ಸಸ್ಪೆನ್ಷನ್ ತಳ ಮುಟ್ಟಿ ಹೊಡೆಯುತ್ತದೆ. ಮೇಲಿನ ನಟ್ ಸಡಿಲವಿದ್ದರೆ ತೂತಿನ ಸುತ್ತ ತಗಡು ಉಜ್ಜಿ ತೆಳ್ಳಗಾಗುತ್ತದೆ. ಕಾರು ಎತ್ತರ ಮಾಡಲೆಂದು ಸ್ಪ್ರಿಂಗಿನ ಸುತ್ತುಗಳ ನಡುವೆ ರಬ್ಬರ್ ಬಫರ್ ತುರುಕಿಸಿದ್ದರೆ ತೆಗೆದುಬಿಡಿ. ಸ್ಪ್ರಿಂಗ್ ನುಂಗಬೇಕಾದ ಪೆಟ್ಟನ್ನು ಅದು ಟವರಿಗೆ ದಾಟಿಸುತ್ತದೆ.

ಅಂಚಿನಲ್ಲಿ, ಸ್ಪಾಟ್ ವೆಲ್ಡ್ ಸಾಲಿನಲ್ಲಿ ಬಿಟ್ಟಿದ್ದರೆ ಕಾರಣ ಸಾಮಾನ್ಯವಾಗಿ ತುಕ್ಕು. ಜಯನಗರ, ಮಲ್ಲೇಶ್ವರದ ರಸ್ತೆ ಬದಿ ಮರದಡಿ ನಿಲ್ಲುವ ಕಾರುಗಳಲ್ಲಿ ವೈಪರ್ ಕೆಳಗಿನ ಜಾಲಿಯೊಳಗೆ ಎಲೆ, ಹೂವು ತುಂಬಿ ನೀರಿಳಿಯುವ ದಾರಿ ಮುಚ್ಚುತ್ತದೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ಆ ಮೂಲೆ ಒಣಗುವುದೇ ಇಲ್ಲ. ಮಡ್‌ಗಾರ್ಡ್ ಒಳಗಿನ ಅಂಚಿನಲ್ಲಿ ಕೂತ ಮಣ್ಣೂ ಹಾಗೆಯೇ ನೀರು ಹಿಡಿದಿಡುತ್ತದೆ.

ಹಳೇ ರಿಪೇರಿಯ ಪಕ್ಕದಲ್ಲೇ ಹೊಸ ಬಿರುಕಿದ್ದರೆ ಹಿಂದಿನವರು ದಪ್ಪ ಪ್ಲೇಟ್ ಬಡಿದಿರುತ್ತಾರೆ. 1 ಮಿ.ಮೀ. ತಗಡಿನ ಮೇಲೆ 3 ಮಿ.ಮೀ. ಪ್ಲೇಟ್ ಹಾಕಿದರೆ ಪ್ಲೇಟ್ ಬಾಗುವುದಿಲ್ಲ, ಬಾಗುವ ಕೆಲಸವೆಲ್ಲ ಅದರ ಅಂಚಿನಲ್ಲಿರುವ ತೆಳು ತಗಡಿನ ಪಾಲಿಗೆ ಬರುತ್ತದೆ. ಹೊಸ ಬಿರುಕು ಅಲ್ಲಿಂದ ಶುರು. ‘ಗಟ್ಟಿಯಾಗಿರಲಿ ಬಿಡಿ ಸಾರ್’ ಅಂತ ದಪ್ಪ ಪ್ಲೇಟ್ ತೋರಿಸುವವರಿಗೆ ಬೇಡ ಅನ್ನಿ.

ಲೋವರ್ ಆರ್ಮ್, ಸ್ಟೀರಿಂಗ್ ನಕಲ್, ಟೈ ರಾಡ್, ಹಬ್, ವೀಲ್ ಡಿಸ್ಕ್ ಇವುಗಳಲ್ಲಿ ಬಿರುಕು ಬಂದರೆ ವೆಲ್ಡಿಂಗ್ ಮಾತೇ ಬೇಡ. ಜೆ.ಸಿ. ರೋಡಿನ ಸ್ಪೇರ್ ಪಾರ್ಟ್ಸ್ ಅಂಗಡಿಗಳಿಂದ ಹೊಸದನ್ನೇ ತನ್ನಿ. ಟವರ್, ರನ್ನಿಂಗ್ ಬೋರ್ಡ್, ಫ್ಲೋರ್ ಮೂರೂ ಒಟ್ಟಿಗೆ ಸುತ್ತಿಗೆ ಮೊನೆಗೆ ತೂತು ಬೀಳುವಂತಿದ್ದರೆ ಆ ಕಾರಿಗೆ ಹಣ ಸುರಿಯಬಾರದು. ಹೊಸ ತಗಡನ್ನು ಕೂರಿಸಲು ಗಟ್ಟಿ ಅಂಚೇ ಸಿಗುವುದಿಲ್ಲ.

ಬಿಚ್ಚುವುದು, ಅಳೆಯುವುದು

ಬ್ಯಾಟರಿಯ ನೆಗೆಟಿವ್ ಮೊದಲು ಬಿಚ್ಚಿ ಬ್ಯಾಟರಿ ಹೊರಗಿಡಿ. ಆಲ್ಟರ್ನೇಟರ್ ವೈರ್ ಕಳಚಿ, ಎಂಪಿಎಫ್‌ಐ (ಕಾರ್ಬುರೇಟರ್ ಇಲ್ಲದ, ಇಂಜೆಕ್ಷನ್) ಗಾಡಿಯಾದರೆ ಇಸಿಯು (ಇಂಜಿನ್ ಕಂಪ್ಯೂಟರ್) ಕನೆಕ್ಟರ್ ಕೂಡ. ಎಲ್‌ಪಿಜಿ ಕಿಟ್ ಇದ್ದರೆ ಸಿಲಿಂಡರನ್ನು ಗಾಡಿಯಿಂದಲೇ ಇಳಿಸಬೇಕು, ವಾಲ್ವ್ ಮುಚ್ಚಿದ್ದೇನೆ ಅನ್ನುವುದು ಸಾಲದು. ಪೆಟ್ರೋಲ್ ಟ್ಯಾಂಕ್ ಹಿಂದಿನ ಫ್ಲೋರಿನಡಿ ಇರುವುದರಿಂದ ಆ ಕಡೆ ಕೆಲಸವಿದ್ದರೆ ಟ್ಯಾಂಕೂ ಇಳಿಯಬೇಕು. ಪೆಟ್ರೋಲ್ ಪೈಪ್, ಬ್ರೇಕ್ ಪೈಪ್ ಫ್ಲೋರಿಗೆ ಅಂಟಿಕೊಂಡೇ ಸಾಗುತ್ತವೆ, ಎಲ್ಲಿ ಹೋಗಿವೆ ಅಂತ ಮಲಗಿ ನೋಡಿ. ಒಳಗೆ ಸೀಟು, ಮ್ಯಾಟ್ ತೆಗೆಯಿರಿ. ಫ್ಲೋರಿಗೆ ಅಂಟಿಸಿರುವ ಡಾಂಬರಿನಂಥ ಶೀಟ್ ವೆಲ್ಡಿಂಗ್ ಕಾವಿಗೆ ಹತ್ತಿಕೊಳ್ಳುತ್ತದೆ, ಸುತ್ತಲೂ ಒಂದಡಿ ಕೆರೆಯಬೇಕು. ಬೆಂಕಿ ಆರಿಸುವ 2 ಕೆ.ಜಿ.ಯ ಎಬಿಸಿ ಪೌಡರ್ ಸಿಲಿಂಡರ್, ಒದ್ದೆ ಗೋಣಿಚೀಲ ಪಕ್ಕದಲ್ಲಿರಲಿ. ಕೆಲಸ ಮುಗಿದ ಮೇಲೂ ಒಂದು ಗಂಟೆ ಕಾರು ಬಿಟ್ಟು ಹೋಗಬೇಡಿ. ಕಿಡಿ ಡ್ಯಾಶ್‌ಬೋರ್ಡ್ ಹಿಂದಿನ ಹತ್ತಿಯಲ್ಲಿ ಕೂತು ನಿಧಾನವಾಗಿ ಹೊಗೆಯಾಡುತ್ತದೆ.

ಮುಂಭಾಗವನ್ನು ಎತ್ತಿ, ಬಾಡಿಯ ಗಟ್ಟಿ ಜಾಗದಲ್ಲಿ ಎರಡೂ ಬದಿ ಸ್ಟ್ಯಾಂಡ್ ಕೊಟ್ಟು, ಚಕ್ರ ತೂಗಾಡುವಂತೆ ಬಿಡಿ. ಸ್ಟ್ರಟ್ ಬಿಚ್ಚಿ ಇಳಿಸಿ. ಭಾರ ಕೂತಿರುವಾಗಲೇ ವೆಲ್ಡ್ ಮಾಡಿದರೆ ಬಾಯಿ ತೆರೆದ ಆಕಾರದಲ್ಲೇ ಬಿರುಕು ಬೆಸೆದುಹೋಗುತ್ತದೆ.

ಇನ್ನು ಅಳತೆ. ಎಡ ಟವರಿನ ನಡುವಿನಿಂದ ಬಲಗಡೆ ಫೈರ್‌ವಾಲ್ (ಇಂಜಿನ್ ಮತ್ತು ಡ್ಯಾಶ್‌ಬೋರ್ಡ್ ನಡುವಿನ ತಗಡು) ಹತ್ತಿರದ ಒಂದು ಫ್ಯಾಕ್ಟರಿ ತೂತಿಗೆ, ಬಲ ಟವರಿನಿಂದ ಎಡದ ಅಂಥದ್ದೇ ತೂತಿಗೆ ಅಡ್ಡಡ್ಡ ಟೇಪ್ ಹಿಡಿಯಿರಿ. ಎರಡರ ವ್ಯತ್ಯಾಸ 3 ಮಿ.ಮೀ. ಒಳಗಿದ್ದರೆ ಮುಂದುವರಿಯಬಹುದು. ಜಾಸ್ತಿ ಇದ್ದರೆ ಟವರ್ ವಾಲಿದೆ, ಮೊದಲು ಬಾಡಿಯನ್ನು ಎಳೆದು ನೇರ ಮಾಡುವ ಬೆಂಚ್ ಇರುವ ಗ್ಯಾರೇಜ್‌ಗೆ ಹೋಗಬೇಕು.

ತಗಡು, ತೇಪೆ

ಒಂದಡಿ × ಎರಡಡಿ ಸಿಆರ್ (ಕೋಲ್ಡ್ ರೋಲ್ಡ್ ಉಕ್ಕಿನ) ಶೀಟ್ ಒಂದು ಕಡೆಯ ಟವರಿಗೆ ಧಾರಾಳ. ದಪ್ಪವನ್ನು ಊಹಿಸಬೇಡಿ, ಕಾರಿನ ತಗಡನ್ನು ತುಕ್ಕಿಲ್ಲದ ಅಂಚಿನಲ್ಲಿ ವರ್ನಿಯರ್‌ನಿಂದ ಅಳೆದು ಅಷ್ಟೇ ದಪ್ಪದ್ದು ತನ್ನಿ. 20 ಗೇಜ್ ಅಂದರೆ ಸುಮಾರು 0.9 ಮಿ.ಮೀ., 18 ಗೇಜ್ 1.2, 16 ಗೇಜ್ 1.6. ಒಂದು ಗೇಜ್ ದಪ್ಪಗಾದರೆ ಅಡ್ಡಿಯಿಲ್ಲ. ಜಿಐ (ಸತು ಲೇಪಿಸಿದ) ಶೀಟ್ ಬೇಡ: ಸತುವಿನ ಬಿಳಿ ಹೊಗೆ ಕುಡಿದವರಿಗೆ ರಾತ್ರಿ ಚಳಿಜ್ವರ ಬರುತ್ತದೆ, ವೆಲ್ಡ್‌ನಲ್ಲೂ ಗುಳ್ಳೆ ಬೀಳುತ್ತದೆ.

ಬಿರುಕು ಸಣ್ಣದಿದ್ದು ಸುತ್ತಲಿನ ತಗಡು ಗಟ್ಟಿಯಿದ್ದರೆ ತುದಿಗಳಿಗೆ 3 ಮಿ.ಮೀ. ಡ್ರಿಲ್ ಹೊಡೆಯಿರಿ, ಡೈಯಲ್ಲಿ ಕಂಡ ತುದಿಗಿಂತ 2 ಮಿ.ಮೀ. ಆಚೆಗೆ. ತುದಿ ಒಳಗೆ ಉಳಿದುಬಿಟ್ಟರೆ ವೆಲ್ಡ್ ಕೆಳಗಿಂದಲೇ ಬಿರುಕು ಮುಂದೆ ಓಡುತ್ತದೆ. ಡ್ರಿಲ್ ಆದ ಮೇಲೆ ಗೆರೆಯನ್ನು 1.2 ಮಿ.ಮೀ. ಕಟಿಂಗ್ ಡಿಸ್ಕಿನಿಂದ ಸೀಳಿ, ತೂತು ಸಮೇತ ವೆಲ್ಡ್‌ನಿಂದ ತುಂಬಿಸಿ, ಅದರ ಮೇಲೆ ತೇಪೆ. ಬರೀ ಬಿರುಕನ್ನು ತುಂಬಿಸಿ ಬಿಡುವುದು ಟವರ್ ತಲೆಯಲ್ಲಿ ಸಾಲದು.

ತುಕ್ಕು ತಿಂದಿದ್ದರೆ ಹೊಳೆಯುವ ಲೋಹ ಸಿಗುವವರೆಗೆ ಕತ್ತರಿಸಿ ತೆಗೆಯಿರಿ. ಹಿಂದೆ ಯಾರಾದರೂ ಬ್ರಾಸ್ ಹಾಕಿದ್ದರೆ (ಹಿತ್ತಾಳೆ ಕರಗಿಸಿ ಬೆಸೆದಿದ್ದರೆ), ಹಳದಿ ಮಿಂಚು ಕಂಡಲ್ಲೆಲ್ಲ ಆ ತುಂಡನ್ನೇ ತೆಗೆಯಬೇಕು. ಹಿತ್ತಾಳೆಯಲ್ಲಿನ ತಾಮ್ರ ಉಕ್ಕಿನ ವೆಲ್ಡ್‌ಗೆ ಬೆರೆತರೆ ಅದು ತಣಿಯುವಾಗಲೇ ಸೀಳುತ್ತದೆ.

ತೇಪೆಯನ್ನು ಮೊದಲು ರಟ್ಟಿನಲ್ಲಿ ಕತ್ತರಿಸಿ ಕೂರಿಸಿ ನೋಡಿ. ಗಟ್ಟಿ ತಗಡಿನ ಮೇಲೆ ಸುತ್ತಲೂ 20–25 ಮಿ.ಮೀ. ಹತ್ತಿ ಕೂತಿರಬೇಕು, ಮೂಲೆಗಳು ಗುಂಡಾಗಿರಬೇಕು. ಚೌಕ ತೇಪೆಯ ಚೂಪು ಮೂಲೆ ಹೊಸ ಬಿರುಕಿಗೆ ಆಹ್ವಾನ. ಟವರ್ ತಲೆಗಾದರೆ ಉಂಗುರದಾಕಾರ ಮಾಡಿ, ಬೋಲ್ಟ್ ತೂತುಗಳನ್ನು ಹಳೇ ಮೌಂಟ್ ಇಟ್ಟು ಗುರುತು ಹಾಕಿ ಕೊರೆಯಿರಿ. ತೇಪೆಯ ಅಂಚಿನ ಒಳಬದಿಯಲ್ಲಿ ಸಾಲಾಗಿ, ಒಂದರಿಂದೊಂದು 25–30 ಮಿ.ಮೀ. ದೂರಕ್ಕೆ 8 ಮಿ.ಮೀ. ತೂತು ಹಾಕಿ, ಪ್ಲಗ್ ವೆಲ್ಡ್ (ತೂತು ತುಂಬಿ ಕೆಳಗಿನ ತಗಡಿಗೆ ಬೆಸೆಯುವುದು) ಇವುಗಳಲ್ಲೇ ಬೀಳುವುದು. ಎರಡು ತಗಡು ಕೂಡುವ ಮುಖಗಳಿಗೆ ವೆಲ್ಡ್ ಮಾಡಬಹುದಾದ ಝಿಂಕ್ ಪ್ರೈಮರ್ ತೆಳ್ಳಗೆ ಹೊಡೆದು, ವೆಲ್ಡ್ ಬೀಳುವ ಚುಕ್ಕೆಗಳಲ್ಲಿ ಮಾತ್ರ ಕೆರೆಯಿರಿ.

ವೆಲ್ಡಿಂಗ್

ಸಿಓಟು ವೆಲ್ಡಿಂಗೇ (ಗ್ಯಾಸ್ ಹೊದಿಕೆಯಲ್ಲಿ ತಂತಿ ಕರಗಿಸುವ ಮಿಗ್ ವೆಲ್ಡಿಂಗ್) ಆಗಬೇಕು. ಆರ್ಕ್ ರಾಡ್ ಈ ತಗಡನ್ನು ತೂತು ಮಾಡುತ್ತದೆ, ಗ್ಯಾಸ್ ವೆಲ್ಡಿಂಗ್ ಅಂಗೈಯಗಲ ಕಾಯಿಸಿ ಸೊಟ್ಟ ಮಾಡುತ್ತದೆ. ವೈರ್ 0.8 ಮಿ.ಮೀ., ಇಆರ್70ಎಸ್-6 ದರ್ಜೆಯದು. ಆರ್ಗಾನ್ ಬೆರೆತ ಗ್ಯಾಸ್ ಸಿಕ್ಕರೆ ಒಳ್ಳೆಯದು. ಬರೀ ಸಿಓಟು ಆದರೆ ಕಾವು, ಸಿಡಿತ ಎರಡೂ ಜಾಸ್ತಿ, ಕೈ ಚುರುಕಾಗಿರಬೇಕು. ಗ್ಯಾಸ್ ನಿಮಿಷಕ್ಕೆ 8–12 ಲೀಟರ್. ರಸ್ತೆಗೆ ತೆರೆದ ಶೆಡ್ಡಿನಲ್ಲಿ ಗಾಳಿ ಬೀಸಿದರೆ ಗ್ಯಾಸ್ ಚದುರಿ ವೆಲ್ಡ್ ಸ್ಪಂಜಿನಂತೆ ತೂತುತೂತಾಗುತ್ತದೆ, ಒಂದು ತಗಡು ಅಡ್ಡ ಇಡಿಸಿ. 1 ಮಿ.ಮೀ. ತಗಡಿಗೆ 40–50 ಆಂಪಿಯರ್‌ನಿಂದ ಶುರು ಮಾಡಬಹುದು, ಆದರೆ ಮೆಷಿನ್ನಿನ ಅಂಕಿ ನಂಬಬೇಡಿ. ಅದೇ ದಪ್ಪದ ಎರಡು ಚೂರಿಗೆ ಒಂದು ಪ್ಲಗ್ ಹಾಕಿಸಿ, ವೈಸ್‌ನಲ್ಲಿ ಹಿಡಿದು ಕಿತ್ತು ನೋಡಿ. ಕೆಳಗಿನ ತಗಡಿನಿಂದ ಒಂದು ಬಿಲ್ಲೆ ಹರಿದು ಬಂದರೆ ವೆಲ್ಡ್ ಹಿಡಿದಿದೆ. ಪ್ಲಗ್ ಮಾತ್ರ ನಯವಾಗಿ ಕಳಚಿ ಬಂದರೆ ಕರೆಂಟ್ ಏರಿಸಬೇಕು. ಗ್ಯಾರೇಜ್‌ನಲ್ಲಿ ಮಾಡಿಸುವವರೂ ಈ ಪರೀಕ್ಷೆಯನ್ನು ಕಣ್ಣೆದುರೇ ಮಾಡಿಸಿ, ಸಂಕೋಚ ಬೇಡ.

ಕ್ಲಾಂಪ್ ಬಿಗಿದು ನಾಲ್ಕು ಕಡೆ ಚುಕ್ಕೆ ಇಟ್ಟು, ಅಡ್ಡಳತೆಯನ್ನು ಮತ್ತೊಮ್ಮೆ ನೋಡಿ. ನಂತರ ಪ್ಲಗ್‌ಗಳನ್ನು ಎದುರುಬದುರಾಗಿ ತುಂಬಿ. ಅಂಚನ್ನು 20 ಮಿ.ಮೀ. ತುಂಡುಗಳಾಗಿ, ಒಂದು ಇಲ್ಲಿ ಒಂದು ಅಲ್ಲಿ ಹಾಕುತ್ತಾ ಹೋಗಿ. ಕೈ ಇಟ್ಟರೆ ತಡೆಯುವಷ್ಟು ತಣಿದ ಮೇಲೇ ಪಕ್ಕದ ತುಂಡು. ನೀರು ಚಿಮುಕಿಸಿ ತಣಿಸಬಾರದು. ಮುಗಿದ ಮೇಲೆ ಗ್ರೈಂಡರ್ ಹಿಡಿದು ಕನ್ನಡಿಯಂತೆ ನುಣುಪು ಮಾಡುವ ಚಪಲ ಕೆಲವರಿಗಿದೆ. ವೆಲ್ಡ್ ಜೊತೆ ಪಕ್ಕದ ತಗಡೂ ತೆಳ್ಳಗಾಗುತ್ತದೆ. ಮೌಂಟ್ ಕೂರುವ ಮುಖ ಸಮತಟ್ಟಾದರೆ ಸಾಕು, ಉಳಿದೆಡೆ ಉಬ್ಬು ಇರಲಿ.

ಪೇಂಟ್ ಕೆಲಸ ಅದೇ ದಿನ ಆಗಬೇಕು, ಬರೀ ಲೋಹ ಒಂದು ಮಳೆಗಾಲದ ರಾತ್ರಿಗೇ ಕೆಂಪಾಗುತ್ತದೆ. ಎರಡು ಕೋಟ್ ಎಪಾಕ್ಸಿ ಪ್ರೈಮರ್, ಜಾಯಿಂಟಿಗೆ ಪಿಯು (ಪಾಲಿಯುರೆಥೇನ್) ಸೀಲರ್, ಮುಚ್ಚಿದ ಪೊಳ್ಳುಗಳ ಒಳಗೆ ನಳಿಕೆಯಿಂದ ಕ್ಯಾವಿಟಿ ವ್ಯಾಕ್ಸ್. ನೀರಿಳಿಯುವ ತೂತುಗಳನ್ನು ಸೀಲರ್ ಮುಚ್ಚದಂತೆ ನೋಡಿಕೊಳ್ಳಿ. ಹಳೇ ಇಂಜಿನ್ ಆಯಿಲ್ ಬಳಿಯುವ ರೂಢಿ ಬಿಡಿ, ಅದು ಬುಷ್ ರಬ್ಬರನ್ನು ಉಬ್ಬಿಸಿ ಹಾಳು ಮಾಡುತ್ತದೆ.

ಸ್ಟ್ರಟ್ ಮೌಂಟ್ ಎರಡೂ ಬದಿಗೆ ಹೊಸದು ಹಾಕಿ, ಶಾಕ್ ಸೋತಿದ್ದರೆ ಅದನ್ನೂ ಜೋಡಿಯಾಗಿಯೇ. ನಟ್‌ಗಳನ್ನು ಸರ್ವೀಸ್ ಮ್ಯಾನ್ಯುಯಲ್‌ನ ಟಾರ್ಕ್‌ಗೆ ಬಿಗಿದು ವೀಲ್ ಅಲೈನ್‌ಮೆಂಟ್ ಮಾಡಿಸಿ. 500 ಕಿ.ಮೀ. ಆದ ಮೇಲೆ ನಟ್ ಬಿಗಿ ಮತ್ತೆ ನೋಡಿ. ತೇಪೆಯ ಮೇಲೆ ಕಪ್ಪು ಅಂಡರ್‌ಕೋಟ್ ದಪ್ಪಗೆ ಬಳಿಸಬೇಡಿ, ತಿಳಿ ಬೂದು ಬಣ್ಣ ಇರಲಿ. ಪ್ರತಿ ಸರ್ವೀಸಿನಲ್ಲಿ ಟಾರ್ಚ್ ಹಿಡಿದು ತೇಪೆಯ ಹೊರ ಅಂಚನ್ನು ಸುತ್ತಲೂ ನೋಡಿದರೆ ಕಂದು ಗೆರೆ ಎದ್ದಿದ್ದರೆ ಆ ಬೂದು ಬಣ್ಣದ ಮೇಲೆ ತಕ್ಷಣ ಕಾಣುತ್ತದೆ.