ಮಂಗಳೂರು–ಉಡುಪಿಯ ಕಟ್ಟಡಗಳನ್ನು ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ ತಂಡ ಕಟ್ಟಿ ಸೇರಿಸುವ ಬಗೆ

ಜನರೇ ಸೇರಿ ಕಟ್ಟುವ ಮುಕ್ತ ನಕ್ಷೆಯಾದ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ನಮ್ಮ ಕರಾವಳಿಯ ರಸ್ತೆಗಳು ಬಂದಷ್ಟು ಕಟ್ಟಡಗಳು ಬಂದಿಲ್ಲ. 2020ರ ಸೆಪ್ಟೆಂಬರಿನಲ್ಲಿ ಉಡುಪಿಯ ತಗ್ಗು ಜಾಗಗಳಿಗೆ ನೆರೆ ನುಗ್ಗಿದಂಥ ಹೊತ್ತಿನಲ್ಲಿ ಯಾವ ಓಣಿಯಲ್ಲಿ ಎಷ್ಟು ಮನೆ ಎಂದು ನಕ್ಷೆ ನೋಡಿ ಹೇಳಬೇಕಾದರೆ ಕಟ್ಟಡಗಳು ಅದರಲ್ಲಿ ಇರಲೇಬೇಕು. ಎಲ್ಲವನ್ನೂ ಕೈಯಿಂದಲೇ ಬಿಡಿಸುತ್ತ ಕೂತರೆ ಮುಗಿಯುವುದು ಯಾವ ಕಾಲಕ್ಕೋ. ಅದಕ್ಕೇ ಉಪಗ್ರಹ ಚಿತ್ರದಿಂದ ಕಂಪ್ಯೂಟರ್ ಗುರುತಿಸಿದ ಕಟ್ಟಡಗಳ ಗಡಿರೇಖೆಗಳನ್ನು ತಂದು, ತಿದ್ದಿ ಸೇರಿಸುವ ದಾರಿ ಇದೆ. ಇದನ್ನೇ ಇಂಪೋರ್ಟ್ ಎನ್ನುವುದು.

ಫೈಲು ಸಿಗುವುದು ಸುಲಭ, ಅಪ್‌ಲೋಡ್ ಮಾಡುವುದು ಇನ್ನೂ ಸುಲಭ. ಇವೆರಡರ ನಡುವೆ ಒಂದೊಂದು ಮಾಡನ್ನೂ ಕಣ್ಣಿಟ್ಟು ನೋಡುವ ಜನರನ್ನು ಹೊಂದಿಸುವುದೇ ನಿಜವಾದ ಕೆಲಸ. ಇಂಪೋರ್ಟ್‌ಗಳು ಕೆಡುವುದೂ ಅಲ್ಲೇ.

ಒಂದು ಸೂಚನೆ: ಟ್ಯಾಗ್‌ಗಳನ್ನು, ಅಂದರೆ ಪ್ರತಿ ವಸ್ತು ಏನೆಂದು ಹೇಳುವ ಗುರುತುಪದಗಳನ್ನು, ಇಲ್ಲಿ ಕನ್ನಡ ಲಿಪಿಯಲ್ಲಿ ಬರೆದಿದ್ದರೂ ಎಡಿಟರ್‌ನಲ್ಲಿ ಇಂಗ್ಲಿಷಿನ ಸಣ್ಣಕ್ಷರಗಳಲ್ಲೇ ಟೈಪ್ ಮಾಡಬೇಕು.

ಮೊದಲು ಅನುಮತಿ, ಆಮೇಲೆ ಫೈಲು

ಓಪನ್‌ಸ್ಟ್ರೀಟ್‌ಮ್ಯಾಪ್ 2012ರಿಂದ ಓಡಿಬಿಎಲ್ (ಓಪನ್ ಡೇಟಾಬೇಸ್ ಲೈಸೆನ್ಸ್) ಎಂಬ ಮುಕ್ತ ಲೈಸೆನ್ಸ್‌ನಲ್ಲಿದೆ. ಅದಕ್ಕೆ ಹೊಂದುವ ಮಾಹಿತಿ ಮಾತ್ರ ಒಳಗೆ ಬರಬಹುದು. ಮೈಕ್ರೋಸಾಫ್ಟ್ ಬಿಡುಗಡೆ ಮಾಡಿದ ಕಟ್ಟಡಗಳ ಫೈಲು ಓಡಿಬಿಎಲ್‌ನಲ್ಲೇ ಇದೆ. ಗೂಗಲಿನ ಇಂಥದ್ದೇ ಫೈಲಾದ ಗೂಗಲ್ ಓಪನ್ ಬಿಲ್ಡಿಂಗ್ಸ್ ಎರಡು ಲೈಸೆನ್ಸ್‌ಗಳಲ್ಲಿ ಸಿಗುತ್ತದೆ: ಸಿಸಿ ಬೈ 4.0 (ಕ್ರಿಯೇಟಿವ್ ಕಾಮನ್ಸ್) ಮತ್ತು ಓಡಿಬಿಎಲ್. ನೀವು ಓಡಿಬಿಎಲ್ ಆರಿಸಿಕೊಂಡಿದ್ದೀರಿ ಎಂದು ಯೋಜನೆಯಲ್ಲಿ ಬರೆದಿಡಿ, ಏಕೆಂದರೆ ಬರೀ ಸಿಸಿ ಬೈ 4.0 ಇರುವ ಮಾಹಿತಿಗೆ ಮಾಲೀಕರಿಂದ ಪ್ರತ್ಯೇಕ ಒಪ್ಪಿಗೆಪತ್ರ ಬೇಕಾಗುತ್ತದೆ. ಗೂಗಲ್ ಮ್ಯಾಪ್ಸ್ ಬೇರೆ, ಗೂಗಲ್ ಓಪನ್ ಬಿಲ್ಡಿಂಗ್ಸ್ ಬೇರೆ. ಮೊದಲನೆಯದನ್ನು ನೋಡಿಕೊಂಡು ಒಂದು ಅಂಗಡಿಯ ಹೆಸರನ್ನೂ ನಕಲು ಮಾಡುವಂತಿಲ್ಲ.

ಪಾಲಿಕೆಯ ಆಸ್ತಿ ನಕ್ಷೆ, ಸರ್ಕಾರದ ದಿಶಾಂಕ್ ಆ್ಯಪ್‌ನ ಸರ್ವೆ ನಂಬರ್, ಇ-ಖಾತಾದ ವಿವರ ಇವೆಲ್ಲ ಯಾರು ಬೇಕಾದರೂ ನೋಡಬಹುದಾದ್ದು ನಿಜ. ನೋಡಬಹುದು ಎಂದ ಮಾತ್ರಕ್ಕೆ ಎತ್ತಿಕೊಳ್ಳಬಹುದು ಎಂದಾಗುವುದಿಲ್ಲ. ಇಲಾಖೆಯಿಂದ ಮಾಹಿತಿ ಪಡೆಯುವುದಿದ್ದರೆ ‘ಓಡಿಬಿಎಲ್ ಅಡಿಯಲ್ಲಿ ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ ಸೇರಿಸಲು ಅಭ್ಯಂತರವಿಲ್ಲ’ ಎಂಬ ಮಾತು ಪತ್ರದಲ್ಲಿ ಸ್ಪಷ್ಟವಾಗಿ ಇರಲಿ. ಅಧಿಕಾರಿ ಬಾಯಿಮಾತಿನಲ್ಲಿ ‘ಆಯ್ತು, ಹಾಕಿ’ ಎಂದದ್ದು ಅವರ ವರ್ಗಾವಣೆಯೊಂದಿಗೆ ಹೋಗುತ್ತದೆ. ಮನೆ ಮಾಲೀಕರ ಹೆಸರು ಯಾವ ಕಾರಣಕ್ಕೂ ನಕ್ಷೆಗೆ ಬೇಡ.

ಆಮೇಲೆ ಓಪನ್‌ಸ್ಟ್ರೀಟ್‌ಮ್ಯಾಪ್ ವಿಕಿಯಲ್ಲಿ ಯೋಜನೆಗೆ ಒಂದು ಪುಟ ತೆರೆಯಿರಿ. ಮಾಹಿತಿಯ ಮೂಲ, ಲೈಸೆನ್ಸ್, ಯಾವ ವಾರ್ಡ್‌ಗಳು, ಯಾವ ಟ್ಯಾಗ್, ಈಗಾಗಲೇ ಇರುವ ಕಟ್ಟಡಗಳನ್ನು ಏನು ಮಾಡುತ್ತೀರಿ, ಕೆಟ್ಟರೆ ಹೇಗೆ ಹಿಂತೆಗೆಯುತ್ತೀರಿ, ಇಷ್ಟೂ ಅದರಲ್ಲಿರಬೇಕು. ಅದನ್ನು ಇಂಪೋರ್ಟ್‌ಗಳನ್ನು ನೋಡಿಕೊಳ್ಳುವ ಬಳಗಕ್ಕೂ ಭಾರತದ ಬಳಗಕ್ಕೂ ತಿಳಿಸಿ ಕನಿಷ್ಠ ಎರಡು ವಾರ ಕಾಯಿರಿ. ಯಾರೂ ಉತ್ತರಿಸಲಿಲ್ಲವೆಂದು ಬೇಸರಿಸಬೇಕಿಲ್ಲ. ಯಾರಾದರೂ ಪ್ರಶ್ನೆ ಕೇಳಿ ನೀವು ಉತ್ತರಿಸದೆ ಬಿಟ್ಟರೆ ಮಾತ್ರ ತೊಂದರೆ. ಚರ್ಚೆಯಿಲ್ಲದೆ ಸುರಿದ ಇಂಪೋರ್ಟನ್ನು ಓಪನ್‌ಸ್ಟ್ರೀಟ್‌ಮ್ಯಾಪ್‌ನ ತಂಟೆ-ತಕರಾರು ನೋಡಿಕೊಳ್ಳುವ ಡೇಟಾ ವರ್ಕಿಂಗ್ ಗ್ರೂಪ್ ಪೂರ್ತಿ ಅಳಿಸಿಹಾಕಬಹುದು.

ಫೈಲನ್ನು ಹದಗೊಳಿಸುವುದು

ತಂಡದಲ್ಲಿ ಒಬ್ಬರು ಮಾತ್ರ ಈ ಕೆಲಸ ಮಾಡಲಿ. ಮೈಕ್ರೋಸಾಫ್ಟ್ ಫೈಲುಗಳು ಒಂಬತ್ತನೇ ಹಂತದ ಕ್ವಾಡ್‌ಕೀ ಚೌಕಗಳಾಗಿ (ಭೂಪಟವನ್ನು ಮತ್ತೆ ಮತ್ತೆ ನಾಲ್ಕು ಭಾಗ ಮಾಡಿ ನಂಬರು ಕೊಟ್ಟ ಚೌಕಗಳು) ಹಂಚಿಕೆಯಾಗಿವೆ. ಚೌಕದ ಗಡಿ ಸುಮಾರು 13.24 ಡಿಗ್ರಿ ಅಕ್ಷಾಂಶದಲ್ಲಿ, ಅಂದರೆ ಕಾಪು ದಾಟಿ ಕಟಪಾಡಿ ಸಿಗುವ ಮೊದಲು ಹಾದುಹೋಗುತ್ತದೆ. ಹಾಗಾಗಿ ಮಂಗಳೂರು ಒಂದು ಫೈಲಿನಲ್ಲಿ, ಉಡುಪಿ ಇನ್ನೊಂದರಲ್ಲಿ. ಒಂದೇ ಇಳಿಸಿಕೊಂಡು ‘ಮಲ್ಪೆಯಲ್ಲಿ ಕಟ್ಟಡವೇ ಇಲ್ಲ’ ಎಂದು ತಲೆ ಕೆಡಿಸಿಕೊಳ್ಳಬೇಡಿ. ಫೈಲಿನ ಹೆಸರು ಸಿಎಸ್‌ವಿ ಎಂದಿದ್ದರೂ ಒಳಗಿರುವುದು ಸಾಲಿಗೊಂದು ಜಿಯೋಜೇಸನ್, ಅಂದರೆ ನಕ್ಷೆಯ ಆಕಾರಗಳನ್ನು ಬರೆದಿಡುವ ಪಠ್ಯರೂಪ. ಬಿಚ್ಚಿ ‘ಜಿಯೋಜೇಸನ್‌ಎಲ್’ ಎಂದು ಹೆಸರು ಬದಲಿಸಿದರೆ ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶ ಅದನ್ನು ತೆರೆಯುತ್ತದೆ. ಎತ್ತರದ ಜಾಗದಲ್ಲಿ ಮೈನಸ್ 1 ಕಂಡರೆ ಅಂದಾಜು ಇಲ್ಲವೆಂದು ಅರ್ಥ. ಆ ಕಾಲಂ ಅಳಿಸಿ.

ಮುಂದೆ ವಾರ್ಡ್ ಗಡಿಗೆ ಕತ್ತರಿಸಿ. ಮಂಗಳೂರು ಪಾಲಿಕೆಗೆ 60 ವಾರ್ಡ್, ಉಡುಪಿ ನಗರಸಭೆಗೆ 35. ಶುರುವಿಗೆ ಒಂದೇ ಒಂದು ಸಾಕು. ವಿಸ್ತೀರ್ಣ ಲೆಕ್ಕ ಹಾಕಲು ಮೀಟರಿನಲ್ಲಿ ಅಳೆಯುವ ನಿರ್ದೇಶಾಂಕ ಪದ್ಧತಿಯಾದ ಯುಟಿಎಂ ವಲಯ 43 ಉತ್ತರ (ಕ್ಯೂಜಿಐಎಸ್‌ನಲ್ಲಿ ಇದರ ಸಂಖ್ಯೆ ಇಪಿಎಸ್‌ಜಿ 32643) ಬಳಸಿ. ಡಿಗ್ರಿಯಲ್ಲೇ ಲೆಕ್ಕ ಹಾಕಿದರೆ ಚದರ ಮೀಟರ್ ಸಿಗುವುದಿಲ್ಲ. 10 ಚದರ ಮೀಟರಿಗಿಂತ ಚಿಕ್ಕವನ್ನು ಬಿಡಿ: ಅವು ಹೆಚ್ಚಾಗಿ ನೀರಿನ ಟ್ಯಾಂಕಿ, ನಿಂತ ಕಾರು ಅಥವಾ ಏನೂ ಅಲ್ಲ. ಗೂಗಲ್ ಫೈಲಾದರೆ ವಿಶ್ವಾಸಾಂಕ (ಇದು ಕಟ್ಟಡವೇ ಎಂದು ಕಂಪ್ಯೂಟರಿಗೆ ಇರುವ ಭರವಸೆಯ ಅಂಕ) 0.65ರಿಂದ ಶುರುವಾಗುತ್ತದೆ, 0.75ಕ್ಕಿಂತ ಮೇಲಿನವುಗಳಿಂದ ಆರಂಭಿಸಿ. ಎರಡೂ ಫೈಲುಗಳನ್ನು ಬೆರೆಸುವ ಆಸೆ ಬೇಡ. ಒಂದೇ ಮನೆಗೆ ಎರಡು ಗಡಿ ಬಂದು, ಅವನ್ನು ಬಿಡಿಸುವ ಹೊತ್ತಿಗೆ ಕೈಯಿಂದಲೇ ಬಿಡಿಸಬಹುದಿತ್ತು ಅನ್ನಿಸುತ್ತದೆ.

ಕೊನೆಗೆ ಯಾದೃಚ್ಛಿಕವಾಗಿ 200 ಕಟ್ಟಡ ಎತ್ತಿ ಚಿತ್ರದೊಂದಿಗೆ ಹೋಲಿಸಿ. ನೂರಕ್ಕೆ ಹತ್ತಕ್ಕಿಂತ ಹೆಚ್ಚು ತಪ್ಪಿದ್ದರೆ ಆ ವಾರ್ಡಿಗೆ ಇಂಪೋರ್ಟ್ ಬೇಡ.

ಇಲ್ಲಿನ ನೆಲದಲ್ಲಿ ಕಂಪ್ಯೂಟರ್ ಎಡವುವ ಕಡೆಗಳು

ಈ ಪಟ್ಟಿಯನ್ನು ಮುದ್ರಿಸಿ ಎಲ್ಲ ಸ್ವಯಂಸೇವಕರ ಕೈಗೆ ಕೊಡುವುದು ಒಳ್ಳೆಯದು. ಬೇರೆ ಊರಿನ ಕೈಪಿಡಿಯಲ್ಲಿ ಇದು ಸಿಗುವುದಿಲ್ಲ.

ತೆಂಗು, ಅಡಿಕೆ ತೋಟದೊಳಗಿನ ಮನೆ: ಸೋಗೆಯ ಸಂದಿಯಲ್ಲಿ ಕಂಡಷ್ಟೇ ಮಾಡು ಗಡಿಯಾಗಿ ಬರುತ್ತದೆ, ಒಂದು ಮನೆ ಎರಡು ತುಂಡಾಗುವುದೂ ಉಂಟು. ತಿದ್ದಲು ಹೋಗದೆ ಅಳಿಸಿ ಹೊಸದಾಗಿ ಬಿಡಿಸಿ. ಮೂಲೆಗಳು ಯಾವ ಚಿತ್ರದಲ್ಲೂ ಕಾಣದಿದ್ದರೆ ಬಿಟ್ಟುಬಿಡಿ.

ಕೆಂಪುಕಲ್ಲಿನ ಕೋರೆ: ಚೌಕಾಕಾರವಾಗಿ ಕಡಿದ ಗುಂಡಿ, ನೇರ ಅಂಚು, ಒಂದು ಬದಿಗೆ ನೆರಳು. ಕಂಪ್ಯೂಟರಿಗೆ ಅದು ಥೇಟ್ ಹಂಚಿನ ಮನೆ. ನೆರಳು ಗಡಿಯ ಒಳಗೆ ಬಿದ್ದಿದ್ದರೆ ಗುಂಡಿ, ಹೊರಗೆ ಬಿದ್ದಿದ್ದರೆ ಕಟ್ಟಡ.

ಅಡಿಕೆ ಒಣಗಿಸುವ ಅಂಗಳ, ಟರ್ಪಾಲು, ಪ್ಲಾಸ್ಟಿಕ್ ಹೊದಿಸಿದ ಸೋಲಾರ್ ಗೂಡು, ಜಾತ್ರೆಯ ಚಪ್ಪರ: ಎಲ್ಲ ಅಳಿಸಿ. ಮಲ್ಪೆ ಬಂದರಿನಲ್ಲೂ ಮಂಗಳೂರಿನ ದಕ್ಕೆಯಲ್ಲೂ ಒತ್ತೊತ್ತಾಗಿ ನಿಂತ ಬೋಟುಗಳು, ಪಣಂಬೂರಿನಲ್ಲಿ ಪೇರಿಸಿಟ್ಟ ಕಂಟೇನರ್‌ಗಳು ಕಟ್ಟಡಗಳಾಗಿ ಬರಬಹುದು. ಈ ಚೌಕಗಳನ್ನು ಅನುಭವಿಗಳಿಗೇ ಕೊಡಿ.

ತಾರಸಿಯ ಮೇಲಿನ ಶೀಟು: ಮಳೆಗಾಗಿ ಹಾಕಿದ ಶೀಟಿನ ಮಾಡು ಗೋಡೆಗಿಂತ ಹೊರಗೆ ಚಾಚಿರುತ್ತದೆ. ಗೋಡೆ ಎಲ್ಲಿರಬಹುದು ಎಂದು ಊಹಿಸಬೇಡಿ, ಮಾಡಿನ ಅಂಚೇ ಇರಲಿ. ರಸ್ತೆಯ ಮೇಲೆ ಬಾರದಿದ್ದರೆ ಸಾಕು.

ರಥಬೀದಿಯಂಥ ಹಳೆಯ ಬೀದಿ: ಉಡುಪಿಯಲ್ಲಾಗಲಿ ಮಂಗಳೂರಿನಲ್ಲಾಗಲಿ ಗೋಡೆಗೆ ಗೋಡೆ ತಾಗಿದ ಇಡೀ ಸಾಲು ಒಂದೇ ಉದ್ದ ಕಟ್ಟಡವಾಗಿ ಬಂದಿರುತ್ತದೆ. ಸಮಭಾಗ ಮಾಡುವ ಸಾಧನ ಇಲ್ಲಿ ಬೇಡ, ಅಂಗಡಿಗಳ ಅಗಲ ಒಂದೇ ಸಮ ಇರುವುದಿಲ್ಲ. ಹಂಚಿನ ಬಣ್ಣ, ಎತ್ತರ ಬದಲಾಗುವ ಕಡೆ ಗೆರೆ ಎಳೆದು ಒಂದೊಂದಾಗಿ ಸೀಳಿ. ಗುತ್ತಿನ ಮನೆಯ ನಡುವಿನ ಅಂಗಳವನ್ನೂ ಕಂಪ್ಯೂಟರ್ ಮುಚ್ಚಿಬಿಡುತ್ತದೆ. ಒಳಗಡಿ ಬಿಡಿಸಿ ಮಲ್ಟಿಪಾಲಿಗಾನ್ (ಹೊರಗಡಿ, ಒಳಗಡಿ ಜೋಡಿಸಿದ ಒಂದೇ ಆಕಾರ) ಮಾಡಬೇಕು.

ಎತ್ತರದ ಅಪಾರ್ಟ್‌ಮೆಂಟ್: ಉಪಗ್ರಹ ಓರೆಯಾಗಿ ನೋಡಿದಾಗ ಕಟ್ಟಡ ಬಾಗಿದಂತೆ ಕಾಣುತ್ತದೆ. ಹತ್ತು ಮಹಡಿ ಅಂದರೆ ಸುಮಾರು 30 ಮೀಟರ್. 20 ಡಿಗ್ರಿ ಓರೆಯಿದ್ದರೆ ಮೇಲಿನ ತಾರಸಿ ತಳಕ್ಕಿಂತ 11 ಮೀಟರ್ ಸರಿದಿರುತ್ತದೆ. ತಾರಸಿಯ ಆಕಾರ ಸರಿಪಡಿಸಿ, ಇಡಿಯಾಗಿ ತಳಕ್ಕೆ ಎಳೆದು ಕೂರಿಸಿ. ಕದ್ರಿ, ಬಿಜೈ, ಮಣಿಪಾಲದಲ್ಲಿ ಇದು ನಿತ್ಯದ ಕೆಲಸ.

ಇದರ ಮೇಲೆ ಗುಡ್ಡದ ಸಮಸ್ಯೆ. ಏರಿಳಿತದ ನೆಲದಲ್ಲಿ ಚಿತ್ರ ಎಲ್ಲ ಕಡೆ ಒಂದೇ ಅಳತೆಗೆ ಸರಿದಿರುವುದಿಲ್ಲ. ಗುಡ್ಡದ ತುದಿಯಲ್ಲಿ ಹೊಂದಿಸಿದ ಆಫ್‌ಸೆಟ್ (ಚಿತ್ರವನ್ನು ಸರಿಸುವ ಅಳತೆ) ಕೆಳಗಿನ ಬೈಲಿಗೆ ಹೊಂದದು. ಚೌಕ ಚೌಕಕ್ಕೂ ಜಿಪಿಎಸ್ ಜಾಡುಗಳ ಗುಂಪಿನೊಂದಿಗೆ ಒಂದು ರಸ್ತೆ ಕೂಡನ್ನು ಹೋಲಿಸಿ ಮೊದಲು ಚಿತ್ರವನ್ನು ಸರಿಸಿ, ಆಮೇಲೆ ಕಟ್ಟಡಗಳ ಇಡೀ ಗುಂಪನ್ನು ಸರಿಸಿ. ಒಂದೇ ಜಾಡನ್ನು ನಂಬಬೇಡಿ, ಮರದಡಿಯಲ್ಲಿ ಫೋನಿನ ಜಿಪಿಎಸ್ ಮೀಟರ್‌ಗಟ್ಟಲೆ ಅಲೆದಾಡುತ್ತದೆ.

ಜನ, ಚೌಕ, ಖಾತೆ

ಎಂಟು–ಹತ್ತು ಜನರಿಗೆ ಇಬ್ಬರು ಪರಿಶೀಲಕರು ಬೇಕು. ಸುರತ್ಕಲ್ಲಿನಲ್ಲೋ ಮಣಿಪಾಲದಲ್ಲೋ ಕಾಲೇಜಿನ ಲ್ಯಾಬ್ ಸಿಕ್ಕಿದರೆ ಐವತ್ತು ವಿದ್ಯಾರ್ಥಿಗಳು ಬರುತ್ತಾರೆ, ಆದರೆ ಪರಿಶೀಲಕರು ಇಬ್ಬರೇ ಇರುವಾಗ ಐವತ್ತು ಜನರನ್ನು ಕೂರಿಸುವುದು ಕೆಟ್ಟ ಯೋಚನೆ. ಮಳೆಗಾಲದ ಭಾನುವಾರಗಳು ಇದಕ್ಕೆ ಹೇಳಿ ಮಾಡಿಸಿದಂಥವು, ಕರೆಂಟ್ ಇದ್ದರೆ.

ಇಂಪೋರ್ಟ್‌ಗೆ ಪ್ರತಿಯೊಬ್ಬರಿಗೂ ಪ್ರತ್ಯೇಕ ಖಾತೆ ಬೇಕು. ಮಾಮೂಲಿ ಖಾತೆಯ ಹೆಸರಿಗೆ ‘ಇಂಪೋರ್ಟ್’ ಎಂದು ಸೇರಿಸಿದರಾಯಿತು. ಹೊಸ ಖಾತೆಗಳಿಗೆ ಗಂಟೆಗೆ ಇಷ್ಟೇ ಬದಲಾವಣೆ ಎಂಬ ಮಿತಿಯಿದೆ. ಆ ದಿನವೇ ಖಾತೆ ತೆರೆದು ಕೂತರೆ ನಡುವೆಯೇ ಅಪ್‌ಲೋಡ್ ನಿಂತುಹೋಗುತ್ತದೆ. ಕೆಲವು ವಾರ ಮೊದಲೇ ತೆರೆದು ಕೈಯಿಂದ ಸಣ್ಣಪುಟ್ಟ ತಿದ್ದುಪಡಿ ಮಾಡಿಸಿರಿ.

ಕೆಲಸ ಹಂಚುವ ಜಾಲತಾಣವಾದ ಟಾಸ್ಕಿಂಗ್ ಮ್ಯಾನೇಜರ್‌ನಲ್ಲಿ ವಾರ್ಡನ್ನು ಚೌಕಗಳಾಗಿ ಹಂಚಿ. ಚೌಕಕ್ಕೆ 150ರಿಂದ 200 ಕಟ್ಟಡ ಸಾಕು. ಹಂಪನಕಟ್ಟೆಯಲ್ಲಿ ಚೌಕ ಚಿಕ್ಕದಾಗುತ್ತದೆ, ಊರ ಹೊರಗೆ ದೊಡ್ಡದಾಗುತ್ತದೆ. ಗಡಿಯ ಮೇಲೆ ಬಿದ್ದ ಕಟ್ಟಡ ಇಬ್ಬರಿಂದಲೂ ಎರಡು ಸಲ ಬರುವುದು ಮಾಮೂಲಿ ತಪ್ಪು. ಕಟ್ಟಡದ ನಡುಬಿಂದು ಯಾವ ಚೌಕದಲ್ಲಿದೆಯೋ ಅದು ಆ ಚೌಕದ್ದೆಂದು ಫೈಲು ಕತ್ತರಿಸುವಾಗಲೇ ತೀರ್ಮಾನಿಸಿ.

ಎಡಿಟರ್‌ನಲ್ಲಿ

ಕಂಪ್ಯೂಟರಿನಲ್ಲಿ ಓಡುವ ಜೋಸ್ಮ್ (JOSM) ಎಡಿಟರ್ ಬಳಸಿ. ಬಿಲ್ಡಿಂಗ್ ಟೂಲ್ಸ್, ಯುಟಿಲ್ಸ್‌ಪ್ಲಗಿನ್2, ಟುಡು ಲಿಸ್ಟ್ ಪ್ಲಗಿನ್‌ಗಳನ್ನು ಮೊದಲೇ ಹಾಕಿಕೊಳ್ಳಿ.

1. ಚೌಕದಲ್ಲಿ ಈಗಾಗಲೇ ಇರುವ ಮಾಹಿತಿಯನ್ನು ಒಂದು ಲೇಯರ್‌ಗೆ ಇಳಿಸಿ. ಇಂಪೋರ್ಟ್ ಫೈಲು ಇನ್ನೊಂದು ಲೇಯರ್‌ನಲ್ಲಿ ಇರಲಿ. ಎರಡನ್ನೂ ಇಡಿಯಾಗಿ ವಿಲೀನ ಮಾಡಬೇಡಿ.
2. ಚಿತ್ರ ಹೊಂದಿಸಿ, ಕಟ್ಟಡಗಳನ್ನು ಟುಡು ಪಟ್ಟಿಗೆ ಹಾಕಿ ಒಂದೊಂದಾಗಿ ನೋಡಿ: ಇಡು, ತಿದ್ದು, ಅಳಿಸು.
3. ಮೂಲೆ ನೇರವಾಗಲು ಕ್ಯೂ ಕೀ ಒತ್ತಿ. ಪಕ್ಕದ ಕಟ್ಟಡದೊಂದಿಗೆ ಬಿಂದು ಹಂಚಿಕೊಂಡಿದ್ದರೆ ಅದೂ ಎಳೆದುಕೊಂಡು ಸೊಟ್ಟಗಾಗುತ್ತದೆ, ಎರಡನ್ನೂ ಒಟ್ಟಿಗೆ ಆರಿಸಿ. ಸಾಲುಕಟ್ಟಡ ಸೀಳಲು ಆಲ್ಟ್ ಮತ್ತು ಎಕ್ಸ್, ಹೊಸದು ಬಿಡಿಸಲು ಬಿ.
4. ನಕ್ಷೆಯಲ್ಲಿ ಮೊದಲೇ ಯಾರೋ ಬಿಡಿಸಿದ ಕಟ್ಟಡವಿದ್ದರೆ ಅದೇ ಉಳಿಯಲಿ. ಅದು ತೀರಾ ಒರಟಾಗಿದ್ದರೆ ಮಾತ್ರ ಹಳೆಯದನ್ನೂ ಹೊಸದನ್ನೂ ಆರಿಸಿ ಕಂಟ್ರೋಲ್, ಶಿಫ್ಟ್, ಜಿ ಒತ್ತಿ. ಆಕಾರ ಬದಲಾಗುತ್ತದೆ, ಹೆಸರು, ಟ್ಯಾಗ್, ಇತಿಹಾಸ ಉಳಿಯುತ್ತವೆ. ಹಳೆಯದನ್ನು ಅಳಿಸಿ ಹೊಸದನ್ನು ಹಾಕುವುದು ಯಾರದ್ದೋ ಶ್ರಮವನ್ನು ಒರೆಸಿಹಾಕಿದಂತೆ.
5. ಒಪ್ಪಿಗೆಯಾದವನ್ನು ಆರಿಸಿ ಕಂಟ್ರೋಲ್, ಶಿಫ್ಟ್, ಎಮ್ ಒತ್ತಿದರೆ ಮುಖ್ಯ ಲೇಯರ್‌ಗೆ ಸೇರುತ್ತವೆ. ಟ್ಯಾಗ್ ಒಂದೇ: ಬಿಲ್ಡಿಂಗ್=ಯೆಸ್. ಮೇಲಿಂದ ನೋಡಿ ಮನೆಯೋ ಹಟ್ಟಿಯೋ ದೈವಸ್ಥಾನವೋ ಎಂದು ನಿರ್ಧರಿಸಲಾಗದು.
6. ಶಿಫ್ಟ್ ಮತ್ತು ವಿ ಒತ್ತಿ ವ್ಯಾಲಿಡೇಟರ್ ಓಡಿಸಿ. ಒಂದರೊಳಗೊಂದು ಕಟ್ಟಡ, ರಸ್ತೆ ದಾಟುವ ಕಟ್ಟಡ, ಜೋಡಿ ಬಿಂದು ಇವು ಸೊನ್ನೆಯಾಗಲಿ. ರಸ್ತೆ ದಾಟಿದ್ದರೆ ರಸ್ತೆಯೇ ತಪ್ಪಿರಬಹುದು, ಅದನ್ನೂ ನೋಡಿ.

ಒಂದು ಸಲ ಅಪ್‌ಲೋಡ್ ಆಗುವ ಬದಲಾವಣೆಗಳ ಗುಂಪಿಗೆ ಚೇಂಜ್‌ಸೆಟ್ ಎನ್ನುತ್ತಾರೆ. ಅಪ್‌ಲೋಡ್ ಮಾಡುವಾಗ ಚೌಕದ ಸಂಖ್ಯೆ, ವಾರ್ಡ್, ತಂಡದ ಹ್ಯಾಷ್‌ಟ್ಯಾಗ್ ಕಮೆಂಟ್‌ನಲ್ಲಿರಲಿ. ಮೂಲದ ಹೆಸರು, ವಿಕಿ ಪುಟದ ಕೊಂಡಿ, ‘ಇಂಪೋರ್ಟ್=ಯೆಸ್’ ಚೇಂಜ್‌ಸೆಟ್ಟಿನ ಟ್ಯಾಗ್‌ಗಳಾಗಲಿ, ಒಂದೊಂದು ಮನೆಗೂ ಅಂಟಿಸಬೇಕಿಲ್ಲ. ಚೇಂಜ್‌ಸೆಟ್ಟಿಗೆ 10,000 ಬದಲಾವಣೆಗಳ ಮಿತಿ. ನಾಲ್ಕು ಮೂಲೆಯ ಮನೆಗೆ ನಾಲ್ಕು ಬಿಂದು, ಒಂದು ಗೆರೆ, ಒಟ್ಟು ಐದು. 200 ಮನೆಗೆ ಸಾವಿರ. ಒಂದು ಚೌಕಕ್ಕೆ ಒಂದು ಚೇಂಜ್‌ಸೆಟ್ ಇಟ್ಟುಕೊಂಡರೆ ಮುಂದೆ ಹುಡುಕುವುದು ಸುಲಭ.

ಪರಿಶೀಲನೆ, ಹಿಂತೆಗೆತ

ಅಪ್‌ಲೋಡ್ ಮಾಡಿದವರೇ ಪರಿಶೀಲಕರಾಗಬಾರದು. ಹೊಸಬರ ಮೊದಲ ಮೂರು ಚೌಕಗಳನ್ನು ಪೂರ್ತಿ ನೋಡಿ, ಆಮೇಲೆ ಹತ್ತಕ್ಕೊಂದು ಕಟ್ಟಡ ಸಾಕು. ಚೇಂಜ್‌ಸೆಟ್‌ಗಳನ್ನು ಪರಿಶೀಲಿಸುವ ಜಾಲತಾಣವಾದ ಒಎಸ್‌ಎಮ್‌ಚಾದಲ್ಲಿ ಹ್ಯಾಷ್‌ಟ್ಯಾಗ್ ಹಾಕಿ ಹುಡುಕಿದರೆ ತಂಡದ ಚೇಂಜ್‌ಸೆಟ್‌ಗಳೆಲ್ಲ ಒಂದೆಡೆ ಸಿಗುತ್ತವೆ. ಒಬ್ಬರು ಗಂಟೆಗೆ ಸಾವಿರ ಕಟ್ಟಡ ಹಾಕಿದ್ದಾರೆಂದರೆ ನೋಡದೆ ಹಾಕಿದ್ದಾರೆ, ಅಷ್ಟೇ. ಬೈಯುವ ಮೊದಲು ಟುಡು ಪಟ್ಟಿ ಬಳಸಲು ಯಾರಾದರೂ ಅವರಿಗೆ ಹೇಳಿಕೊಟ್ಟಿದ್ದಾರೆಯೇ ಕೇಳಿ. ಹೊರಗಿನವರು ಚೇಂಜ್‌ಸೆಟ್ ಮೇಲೆ ಆಕ್ಷೇಪ ಬರೆದರೆ ಒಂದು ದಿನದೊಳಗೆ ಉತ್ತರಿಸಿ, ವಿಷಯ ತೀರುವ ತನಕ ಆ ವಾರ್ಡಿನ ಕೆಲಸ ನಿಲ್ಲಿಸಿ.

ಹೆಚ್ಚು ಕೆಟ್ಟ ಚೌಕವನ್ನು ತೇಪೆ ಹಾಕುವುದಕ್ಕಿಂತ ರಿವರ್ಟರ್ ಪ್ಲಗಿನ್‌ನಿಂದ ಹಿಂತೆಗೆದು ಮತ್ತೆ ಮಾಡುವುದು ಬೇಗ. ಒಂದಕ್ಕಿಂತ ಹೆಚ್ಚು ಚೇಂಜ್‌ಸೆಟ್ ಇದ್ದರೆ ಕೊನೆಯದರಿಂದ ಹಿಂದಕ್ಕೆ ಹೋಗಿ. ಮೊದಲನೆಯದರಿಂದ ಶುರುಮಾಡಿದರೆ ನಂತರದ ತಿದ್ದುಪಡಿಗಳೊಂದಿಗೆ ಘರ್ಷಣೆ ಏಳುತ್ತದೆ. ನಡುವೆ ಸ್ಥಳೀಯರೊಬ್ಬರು ಬಂದು ಕಟ್ಟಡಕ್ಕೆ ಹೆಸರೋ ಮಹಡಿಯೋ ಸೇರಿಸಿದ್ದರೆ ಅದನ್ನು ಮುಟ್ಟದೆ ಬಿಟ್ಟು, ಗಡಿಯನ್ನು ಕೈಯಿಂದ ಸರಿಪಡಿಸಿ.

ವಾರ್ಡ್ ಮುಗಿದ ಮೇಲೆ ಬೀದಿಗಿಳಿಯಬಹುದು. ಸ್ಟ್ರೀಟ್‌ಕಂಪ್ಲೀಟ್ ಆ್ಯಪ್ ಕಟ್ಟಡದ ಎದುರು ನಿಂತಾಗ ಬಗೆ, ಮಹಡಿ, ಮನೆ ನಂಬರ್ ಕೇಳುತ್ತದೆ. ಇದಕ್ಕೆ ಮಾಮೂಲಿ ಖಾತೆ ಬಳಸಿ, ಇಂಪೋರ್ಟ್ ಖಾತೆ ಬೇಡ. ನಂಬರಿಗಿಂತ ಮನೆಯ ಹೆಸರಿನಿಂದಲೇ ಗುರುತಾಗುವ ಓಣಿಗಳಲ್ಲಿ ಗೇಟಿನ ಫಲಕದ ಮೇಲಿನ ಹೆಸರನ್ನು ‘ಆಡ್ರ್:ಹೌಸ್‌ನೇಮ್’ (addr:housename) ಟ್ಯಾಗ್‌ಗೆ ಹಾಕಿ. ಫಲಕದಲ್ಲಿ ಮಾಲೀಕರ ಹೆಸರು ಮಾತ್ರ ಇದ್ದರೆ ಖಾಲಿ ಬಿಡಿ.