ವಿಯೆಟ್ನಾಂಗೆ ಹೊರಡುವವರಿಗೆ ನಮ್ಮ ಅನುಭವ

ನಮಸ್ಕಾರ್ರಿ. ದೀಪಾವಳಿ ರಜೆಗೆ ವಿಯೆಟ್ನಾಂ ಹೇಗೆ ಅಂತ ಮೂರ್ನಾಲ್ಕು ಮನೆಯವರು ಕೇಳಿದ್ದಿರಿ. ನಾವು ಹೋಗಿ ಬಂದದ್ದಷ್ಟೇ ಹೇಳುತ್ತೇನೆ.

ಮೊದಲು ಪಾಸ್‌ಪೋರ್ಟ್ ತೆಗೆದು ನೋಡಿ, ಕನಿಷ್ಠ 6 ತಿಂಗಳು ಅವಧಿ ಬಾಕಿ ಇರಬೇಕು. ಒಂದು ಸಲದ ಇ-ವೀಸಾಕ್ಕೆ 25 ಡಾಲರ್. ಅಲ್ಲಿನ ಸರ್ಕಾರದ ವೆಬ್‌ಸೈಟಿನಲ್ಲೇ ಹಾಕಿ. ಹೆಸರು, ಅಡ್ಡಹೆಸರು ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೇ ಇರಲಿ.

ಬಜೆಟ್‌ನಲ್ಲಿ ನಾನು ಮರೆತದ್ದು ಬೆಳಗಾವಿ-ಬೆಂಗಳೂರು ಖರ್ಚು. ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದಿಂದ ವಿದೇಶಕ್ಕೆ ವಿಮಾನ ಇಲ್ಲ, ಅಲ್ವಾ? ರಾತ್ರಿ ಬಸ್ಸು, ದೇವನಹಳ್ಳಿವರೆಗೆ ಟ್ಯಾಕ್ಸಿ, ನಡುವೆ ಊಟ, ಎಲ್ಲಾ ನಾಲ್ಕು ಜನರಿಗೆ, ಹೋಗುವಾಗ ಬರುವಾಗ ಎರಡೂ ಸಲ. ಇದನ್ನು ಮೊದಲೇ ಬೇರೆ ಬರೆದಿಡಿ.

ಅಲ್ಲಿಯ ದುಡ್ಡು ಡಾಂಗ್. 20,000ದ ನೋಟೂ ನೀಲಿ, 5 ಲಕ್ಷದ ನೋಟೂ ನೀಲಿ! ಹನೋಯ್‌ನಲ್ಲಿ ಕಾಫಿಗೆ ಅವಸರದಲ್ಲಿ ದೊಡ್ಡದನ್ನೇ ಚಾಚಿದೆ. ಅಂಗಡಿಯ ಅಜ್ಜಿ ನಕ್ಕು ವಾಪಸ್ ಕೊಟ್ಟಳು, ಪುಣ್ಯ. ಆಮೇಲೆ ದೊಡ್ಡ ನೋಟುಗಳನ್ನು ಪರ್ಸಿನ ಬೇರೆ ಖಾನೆಗೆ ಹಾಕಿದೆ. ಕಾರ್ಡ್ ಉಜ್ಜಿದಾಗ ಮಶೀನು ರೂಪಾಯಿಯೋ ಡಾಂಗೋ ಅಂತ ಕೇಳಿದರೆ ಡಾಂಗ್ ಒತ್ತಿ. ರೂಪಾಯಿ ಒತ್ತಿದರೆ ಸುಮ್ನೆ ಜಾಸ್ತಿ ಹೋಗುತ್ತದೆ.

ಸಸ್ಯಾಹಾರಿಗಳು ‘ಚಾಯ್’ ಅಂತ ಬೋರ್ಡ್ ಇರುವ ಹೋಟೆಲ್ ಹುಡುಕಿ. ಅದು ನಮ್ಮ ಚಹಾ ಅಲ್ಲ, ಸಸ್ಯಾಹಾರ ಅಂತ ಅರ್ಥ. ಆದರೂ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಇರಲಿ. ಉಪ್ಪಿನಕಾಯಿ ಬಾಟಲಿ ಮಾತ್ರ ಕೈಚೀಲದಲ್ಲಿ ಬೇಡ, ನಮ್ಮದನ್ನು ತಪಾಸಣೆಯಲ್ಲೇ ತೆಗೆಸಿದರು.