ಎರಡು ಕಿಲೋ ಬೀಗಕ್ಕೆ ಸೈಕಲ್‌ನಲ್ಲಿ ಎಲ್ಲಿ ಜಾಗ?

ದಾವಣಗೆರೆಯ ಹದಡಿ ರಸ್ತೆಯಲ್ಲಿ ಬೆಳಿಗ್ಗೆ ಒಂಬತ್ತರ ಹೊತ್ತಿಗೆ ನಿಂತು ನೋಡಿ. ಗೇರ್ ಸೈಕಲ್ ಏರಿ ಕಾಲೇಜಿಗೆ ಹೊರಟ ಹುಡುಗರಲ್ಲಿ ಸುಮಾರು ಜನರ ಹ್ಯಾಂಡಲ್‌ಗೆ ಒಂದು ದಪ್ಪ ಸರಪಳಿ ಜೋತು ಬಿದ್ದಿರುತ್ತದೆ. ಎತ್ತಿನ ಕೊರಳ ಗಂಟೆಯ ಹಾಗೆ ಅದು ತೂಗುತ್ತಲೇ ಇರುತ್ತದೆ. ಹೋದ ಮಳೆಗಾಲದಲ್ಲಿ ನನ್ನ ಕಣ್ಣೆದುರೇ ಒಬ್ಬ ಹುಡುಗ ಹಂಪ್ ಹಾರಿಸಿದ. ಸರಪಳಿಯ ತುದಿ ಮುಂದಿನ ಚಕ್ರದ ಕಡ್ಡಿಗಳ ನಡುವೆ ಹೊಕ್ಕಿತು. ಚಕ್ರ ಅಲ್ಲೇ ನಿಂತಿತು, ಹುಡುಗ ನಿಲ್ಲಲಿಲ್ಲ. ಮೊಣಕೈ, ಗದ್ದ ತರಚಿಕೊಂಡು ಎದ್ದ. ಪುಣ್ಯಕ್ಕೆ ಹಿಂದೆ ಬಸ್ಸು ಇರಲಿಲ್ಲ. ಬದಿಗೆ ಕೂರಿಸಿ ನೀರು ಕೊಟ್ಟಾಗ ಅವನು ಕೇಳಿದ್ದು ಒಂದೇ ಮಾತು: "ಮತ್ತೆ ಎಲ್ಲಿ ಇಡ್ಬೇಕು ಸರ ಇದನ್ನ?"

ನ್ಯಾಯವಾದ ಪ್ರಶ್ನೆ. ಸೈಕಲ್ ಮಾರುವ ಅಂಗಡಿಯವರು ಬೀಗ ಮಾರುತ್ತಾರೆ, ಅದನ್ನು ಹೊರುವುದು ಹೇಗೆ ಅಂತ ಹೇಳುವುದಿಲ್ಲ. ಇಷ್ಟು ವರ್ಷ ಸೈಕಲ್ ತುಳಿದು ನನಗೆ ಗೊತ್ತಾಗಿದ್ದು ಇಷ್ಟು: ಕಾಟ ಕೊಡುವುದು ಬೀಗದ ಭಾರ ಅಲ್ಲ, ಅದರ ಅಲುಗಾಟ. ಐದು ಕಿಲೋ ಅಕ್ಕಿ ಚೀಲವನ್ನು ಕ್ಯಾರಿಯರ್‌ಗೆ ಬಿಗಿದರೆ ನೆನಪೇ ಆಗುವುದಿಲ್ಲ. ಒಂದೂವರೆ ಕಿಲೋ ಬೀಗ ಸಡಿಲವಾಗಿದ್ದರೆ ಮನೆ ಸೇರುವ ತನಕ ತಲೆ ತಿನ್ನುತ್ತದೆ.

1. ಮೊದಲು ತೂಗಿ, ಆಮೇಲೆ ಕೊಳ್ಳಿ

ಉಕ್ಕಿನ ಯು ಲಾಕ್ (ಇಂಗ್ಲಿಷಿನ U ಹಾಗೆ ಬಾಗಿದ ಸರಳಿನ ಬಾಯಿಗೆ ಅಡ್ಡಪಟ್ಟಿ ಕೂರುವ ಬೀಗ) ಸಾಮಾನ್ಯವಾಗಿ 1ರಿಂದ 1.5 ಕಿಲೋ ಇರುತ್ತದೆ. ಸರಪಳಿಯಾದರೆ ಕೊಂಡಿಯ ದಪ್ಪ ನೋಡಬೇಕು. 6 ಮಿ.ಮೀ. ದಪ್ಪದ್ದು ಮೀಟರಿಗೆ ಸುಮಾರು 800 ಗ್ರಾಂ. 8 ಮಿ.ಮೀ. ಆದರೆ 1.4 ಕಿಲೋ, 10 ಮಿ.ಮೀ. ಆದರೆ 2.2 ಕಿಲೋ. ಅಂಗಡಿಯಲ್ಲಿ ಕೈಗೆತ್ತಿಕೊಂಡಾಗ ಚೂರೇ ಜಾಸ್ತಿ ದಪ್ಪ ಅನ್ನಿಸಿದ್ದು ತೂಕದಲ್ಲಿ ಮೂರು ಪಟ್ಟು ಹತ್ತಿರ ಹೋಗಿರುತ್ತದೆ.

ಹಾರ್ಡ್‌ವೇರ್ ಅಂಗಡಿಯಲ್ಲಿ ಕಿಲೋ ಲೆಕ್ಕದಲ್ಲಿ ಸಿಗುವ ಸರಪಳಿ ಅಗ್ಗ. ಆದರೆ ಅದು ಮೆದು ಕಬ್ಬಿಣ. ಒಂದು ಅರದಿಂದ ಉಜ್ಜಿ ನೋಡಿ. ಅರ ಕಚ್ಚಿ ಪುಡಿ ಉದುರಿದರೆ ಭಾರ ಹೊರುವುದಷ್ಟೇ ನಿಮ್ಮ ಪಾಲು, ಕಳ್ಳನ ಕಟ್ಟರ್‌ಗೆ ಅದು ಕಬ್ಬು. ಅರ ಜಾರಿದರೆ ಹದ ಕೊಟ್ಟ ಉಕ್ಕು ಅಂತ ಅರ್ಥ. ಇನ್ನು ಬಣ್ಣಬಣ್ಣದ ಕೇಬಲ್ ಲಾಕ್‌ಗಳ ಬಗ್ಗೆ ಹೇಳೋದೇ ಬೇಡ. ಹೆಬ್ಬೆರಳಿನಷ್ಟು ದಪ್ಪ ಕಾಣುವುದು ಹೊರಗಿನ ಪ್ಲಾಸ್ಟಿಕ್. ಒಳಗಿನ ತಂತಿ ನೋಡಿದರೆ ಅಳು ಬರುತ್ತದೆ. ಮೂರು ಅಂಕಿಯ ನಂಬರ್ ಲಾಕ್‌ಗೆ ಇರುವುದು ಬರೀ ಒಂದು ಸಾವಿರ ನಂಬರು. ರಜಾ ದಿನ ಬೇಸರವಾದ ಹುಡುಗ ಕೂತು ತೆಗೆಯಬಹುದು. ಕೊಳವೆಯ ಹಾಗೆ ದುಂಡಗಿನ ಕೀ ಇರುವ ಬೀಗವೂ ನನಗೆ ಬೇಡ. 2004ರಲ್ಲಿ ಅಮೆರಿಕದಲ್ಲಿ ಅಂಥ ದುಬಾರಿ ಬೀಗಗಳನ್ನೇ ಬಾಲ್‌ಪೆನ್ನಿನ ಪ್ಲಾಸ್ಟಿಕ್ ಕೊಳವೆ ತುರುಕಿ ತೆಗೆದು ತೋರಿಸಿದ್ದರು.

ನಾನು ಯು ಲಾಕ್ ಪಕ್ಷ. ಸರಪಳಿಗೆ ಮೈಯೆಲ್ಲಾ ಕೀಲು. ಅದನ್ನು ಎಲ್ಲಿಟ್ಟರೂ ಸುಮ್ನೆ ಕೂರುವುದಿಲ್ಲ.

2. ಎಲ್ಲಿ ಇಡಬಾರದು

ಹ್ಯಾಂಡಲ್‌ಗೆ ಬೇಡ. ಕಾರಣ ಮೇಲೆ ಹೇಳಿದೆ. ಚಕ್ರಕ್ಕೆ ಸಿಗದಿದ್ದರೂ ತಿರುವಿನಲ್ಲಿ ಹ್ಯಾಂಡಲ್ ಎಳೆಯುತ್ತದೆ. ರೈಲ್ವೆ ಗೇಟ್ ತೆರೆದಾಗ ನುಗ್ಗುವ ಗುಂಪಿನಲ್ಲಿ ಪಕ್ಕದ ಸ್ಕೂಟರ್‌ನ ಕನ್ನಡಿಗೆ ಸಿಕ್ಕಿಕೊಳ್ಳುವುದೂ ಇದೇ.

ಬೆನ್ನಿನ ಬ್ಯಾಗಿನಲ್ಲೂ ಬೇಡ. ಏಪ್ರಿಲ್ ಬಿಸಿಲಲ್ಲಿ ಬೆನ್ನು ಬೆವೆತು ಹೋಗುವುದು ಸಣ್ಣ ತೊಂದರೆ. ಮಲಗಿದ ಹಾಗೆ ಬಿದ್ದರೆ ಬೆನ್ನುಮೂಳೆಗೂ ನೆಲಕ್ಕೂ ನಡುವೆ ಒಂದು ಉಕ್ಕಿನ ತುಂಡು ಇರುತ್ತದಲ್ಲ, ಅದು ದೊಡ್ಡ ತೊಂದರೆ. ಟಿಫಿನ್ ಡಬ್ಬಿ ನುಗ್ಗಾಗುವುದು, ಪುಸ್ತಕಕ್ಕೆ ಎಣ್ಣೆ ಮೆತ್ತುವುದು ಬೇರೆ.

ಸೊಂಟಕ್ಕೆ ಸುತ್ತಿಕೊಂಡು ಹೋಗುವ ವೀರರೂ ಇದ್ದಾರೆ. ವಿದೇಶಗಳಲ್ಲಿ ಅದಕ್ಕೆಂದೇ ಮಾಡಿದ ಬಟ್ಟೆ ಹೊದಿಕೆಯ ಸರಪಳಿ ಸಿಗುತ್ತದೆ. ಅವು ಬೆಲ್ಟಿನ ಹಾಗೆ ಬಿಚ್ಚಿಕೊಳ್ಳುತ್ತವೆ, ಬೀಗ ಹಾಕಬೇಕಿಲ್ಲ. ನಮ್ಮವರು ಮಾಮೂಲಿ ಸರಪಳಿ ಸುತ್ತಿ ಬೀಗ ಜಡಿದುಬಿಡುತ್ತಾರೆ. ಕೀ ಕಳೆದರೆ ಸೀದಾ ವೆಲ್ಡಿಂಗ್ ಅಂಗಡಿಗೆ ಹೋಗಬೇಕು, ಸೊಂಟ ಸಮೇತ!

3. ಹಳೇ ಟ್ಯೂಬ್ ತನ್ನಿ

ಪಂಕ್ಚರ್ ಅಂಗಡಿಯಲ್ಲಿ ಕೇಳಿದರೆ ಹಳೆಯ ಸೈಕಲ್ ಟ್ಯೂಬ್ ಸಿಗುತ್ತದೆ. ಬಹಳ ಸಲ ದುಡ್ಡೂ ಕೇಳುವುದಿಲ್ಲ. ಹಿಗ್ಗಿಸಿದಾಗ ಬಿರುಕು ಕಂಡರೆ ವಾಪಸ್ ಕೊಟ್ಟು ಬೇರೆ ತೆಗೆದುಕೊಳ್ಳಿ. ಗಾಳಿ ಹೊಡೆಯುವ ವಾಲ್ವ್ ಇರುವ ಭಾಗ ಕತ್ತರಿಸಿ ಎಸೆಯಿರಿ. ಉಳಿದದ್ದನ್ನು ಉದ್ದಕ್ಕೆ ಸೀಳಿ ಎರಡು ಬೆರಳು ಅಗಲದ ಪಟ್ಟಿ ಮಾಡಿ. ಒಂದೂವರೆ ಮೀಟರ್ ಉದ್ದದ್ದು ಎರಡು ಬೇಕು.

ಒಳಗಡೆ ಬಿಳಿ ಪುಡಿ ಇರುತ್ತದೆ. ಸೋಪು ಹಾಕಿ ತೊಳೆದು ನೆರಳಲ್ಲಿ ಒಣಗಿಸಿ. ಇದನ್ನು ಯಾರೂ ಮಾಡುವುದಿಲ್ಲ, ಆಮೇಲೆ ರಬ್ಬರ್ ಜಾರುತ್ತೆ ಅಂತಾರೆ. ಪುಡಿ ಹಾಕಿರುವುದೇ ಅಂಟಿಕೊಳ್ಳದಿರಲಿ ಅಂತ, ಜಾರದೆ ಇನ್ನೇನು ಮಾಡೀತು?

ಎರಡೂ ತುದಿಗೆ ಕೊಕ್ಕೆ ಇರುವ ಎಲಾಸ್ಟಿಕ್ ಹಗ್ಗ ಮಾರ್ಕೆಟ್ಟಿನಲ್ಲಿ ಸಿಗುತ್ತದೆ, ಬೈಕಿನವರು ಲಗೇಜ್ ಕಟ್ಟುವುದು. ಅದನ್ನು ತರಬೇಡಿ. ಎಳೆದು ಸಿಕ್ಕಿಸುವಾಗ ಕೊಕ್ಕೆ ತಪ್ಪಿದರೆ ಸೀದಾ ಮುಖಕ್ಕೆ ಬರುತ್ತದೆ. ದಾರಿಯಲ್ಲಿ ಕಳಚಿದರೆ ಹಿಂದಿನ ಚಕ್ರಕ್ಕೆ.

4. ಕ್ಯಾರಿಯರ್‌ಗೆ ಬಿಗಿಯುವುದು (ಎಲ್ಲರೂ ಎಡವುವುದು ಇಲ್ಲೇ)

ಕ್ಯಾರಿಯರ್ ಇದ್ದವರು ಅದೃಷ್ಟವಂತರು. ಹಳೆಯ ಕರಿ ಸೈಕಲ್‌ಗಳಲ್ಲಿ ಅದರ ಮೇಲೆ ಸ್ಪ್ರಿಂಗ್ ಕ್ಲಿಪ್ಪೂ ಇರುತ್ತದೆ. ಬೀಗವನ್ನು ಆ ಕ್ಲಿಪ್ಪಿಗೆ ಕಚ್ಚಿಸಿ ಹೊರಟುಬಿಡುವುದು ಸಾಮಾನ್ಯ ತಪ್ಪು. ಪುಸ್ತಕ ಹಿಡಿಯುವ ಕ್ಲಿಪ್ ನುಣುಪಾದ ಉಕ್ಕನ್ನು ಹಿಡಿಯುವುದಿಲ್ಲ. ನಾಲ್ಕು ಹಂಪ್ ಆಗುವಷ್ಟರಲ್ಲಿ ಬೀಗ ರಸ್ತೆಯಲ್ಲಿ, ನೀವು ಮುಂದಿನ ಸರ್ಕಲ್‌ನಲ್ಲಿ.

ಮೊದಲು ಪಟ್ಟಿಯನ್ನು ಕ್ಯಾರಿಯರ್‌ಗೇ ಕಾಯಂ ಕಟ್ಟಿಬಿಡಿ. ಪಟ್ಟಿಯ ಒಂದು ತುದಿಯಿಂದ ಎರಡು ಇಂಚು ಬಿಟ್ಟು, ಅದರ ನಡುವೆ ಉದ್ದಕ್ಕೆ ಒಂದು ಇಂಚಿನ ಸೀಳು ಹಾಕಿ, ಅಂಗಿಯ ಗುಂಡಿ ತೂತಿನ ಹಾಗೆ. ಇನ್ನೊಂದು ತುದಿಯನ್ನು ಕ್ಯಾರಿಯರ್‌ನ ಪಕ್ಕದ ಸರಳಿಗೆ ಬಳಸಿ ತಂದು ಈ ಸೀಳಿನಲ್ಲಿ ತೂರಿಸಿ ಎಳೆಯಿರಿ. ಕುಣಿಕೆ ತಾನೇ ಬಿಗಿಯುತ್ತದೆ. ಗಂಟು ಹಾಕಬೇಡಿ. ರಬ್ಬರಿಗೆ ಹಾಕಿದ ಗಂಟು ಒಂದೋ ಜಾರುತ್ತದೆ, ಇಲ್ಲವೇ ಜನ್ಮದಲ್ಲಿ ಬಿಚ್ಚುವುದಿಲ್ಲ. ಒಂದು ಪಟ್ಟಿ ಸೀಟಿನ ಹತ್ತಿರ ಇರಲಿ, ಇನ್ನೊಂದು ಹಿಂದಿನ ದೀಪದ ಕಡೆಗೆ.

ಈಗ ಬೀಗ ಇಡುವ ರೀತಿ. ಅಡ್ಡ ಇಡಬೇಡಿ, ಉದ್ದಕ್ಕೆ ಇಡಿ. ಯು ಲಾಕ್‌ನಲ್ಲಿ ಕೀ ತೂರುವ ದಪ್ಪ ಅಡ್ಡಪಟ್ಟಿಯೇ ಭಾರದ ಭಾಗ. ಅದು ಮುಂದಕ್ಕೆ ಇರಬೇಕು, ಸೀಟಿನ ಪೈಪಿಗೆ ತಾಗುವಷ್ಟು ಹತ್ತಿರ. ಬಾಗಿದ ಭಾಗ ಹಿಂದಕ್ಕೆ. ಯಾಕೆ ಅಂದರೆ, ಬ್ರೇಕ್ ಹಿಡಿದಾಗ ಸೈಕಲ್ ನಿಲ್ಲುತ್ತದೆ, ಬೀಗ ಮುಂದಕ್ಕೆ ಓಡಲು ನೋಡುತ್ತದೆ. ಪೈಪು ಎದುರಿಗಿದ್ದರೆ ಎಲ್ಲಿಗೆ ಓಡೀತು? ಜೊತೆಗೆ ಭಾರ ಹಿಂದೆ ಹೋದಷ್ಟೂ ಸೈಕಲ್‌ನ ಬಾಲ ಅಲ್ಲಾಡುತ್ತದೆ. ಕೀ ತೂತು ಕೆಳಗೆ ನೋಡುವಂತೆ ಇಡಿ. ಮೇಲಕ್ಕಿದ್ದರೆ ಮಳೆ ನೀರು, ಧೂಳು ಎಲ್ಲಾ ಅದರೊಳಗೇ.

ಪಟ್ಟಿ ಸುತ್ತುವಾಗ ಎಳೆದು ಸುತ್ತಬೇಕು. ಒಂದು ಅಡಿ ಪಟ್ಟಿ ಒಂದೂವರೆ ಅಡಿ ಆಗುವಷ್ಟು ಎಳೆತ ಇರಲಿ. ಮೊದಲ ಸುತ್ತು ಬೀಗದ ಮೇಲಿಂದ ಹೋಗಿ ಆಚೆ ಬದಿಯ ಸರಳಿನ ಕೆಳಗೆ ಇಳಿಯಲಿ. ಎರಡನೆಯದು ಬೀಗದ ಎರಡು ಕಾಲುಗಳ ನಡುವಿನಿಂದ ಮೇಲೆ ಬರಲಿ. ಈ ಎರಡನೇ ಸುತ್ತೇ ಮುಖ್ಯ. ಬರೀ ಮೇಲಿಂದ ಕಟ್ಟಿದರೆ ಬೀಗ ಕುಣಿಯುವುದಿಲ್ಲ ನಿಜ, ಆದರೆ ಪಕ್ಕಕ್ಕೆ ಸರಿಯುತ್ತದೆ. ಕಾಲುಗಳ ನಡುವೆ ರಬ್ಬರ್ ಹೊಕ್ಕರೆ ಮಾತ್ರ ಆ ಕಡೆ ಈ ಕಡೆ ಹೋಗಲು ಬಿಡುವುದಿಲ್ಲ. ಮೂರನೇ ಸುತ್ತು ಮತ್ತೆ ಮೇಲಿಂದ. ಒಂದೊಂದು ಸುತ್ತೂ ಹಿಂದಿನ ಸುತ್ತಿನ ಅರ್ಧವನ್ನು ತುಳಿದಿರಬೇಕು, ರಬ್ಬರಿನ ಮೇಲೆ ರಬ್ಬರ್ ಜಾರುವುದಿಲ್ಲ. ಕೊನೆಯ ತುದಿಯನ್ನು ಕಡೆಯ ಸುತ್ತಿನ ಅಡಿಗೆ ತುರುಕಿ ಎಳೆಯಿರಿ. ಪಂಚೆಯ ತುದಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಹಾಗೆ, ಅಷ್ಟೇ. ನಾಲ್ಕು ಬೆರಳಿಗಿಂತ ಉದ್ದ ಬಾಲ ಉಳಿದರೆ ಕತ್ತರಿಸಿ ಹಾಕಿ, ಚಕ್ರಕ್ಕೆ ಅದೂ ರುಚಿಯೇ.

ಮೊದಲ ದಿನ ಇದಕ್ಕೆ ಐದು ನಿಮಿಷ ಬೇಕು, ವಾರದಲ್ಲಿ ಅರ್ಧ ನಿಮಿಷಕ್ಕೆ ಇಳಿಯುತ್ತದೆ. ಪಟ್ಟಿ ಕ್ಯಾರಿಯರ್‌ಗೇ ಕಟ್ಟಿಕೊಂಡಿರುವುದರಿಂದ ಕಳೆಯುವುದಿಲ್ಲ. ಬೀಗ ಬಿಚ್ಚಿದ ಮೇಲೆ ಅದನ್ನೂ ಸರಳಿಗೆ ಸುತ್ತಿಡಿ, ಜೋತಾಡಲು ಬಿಡಬೇಡಿ.

5. ಕ್ಯಾರಿಯರ್ ಇಲ್ಲದಿದ್ದರೆ

ಈಗಿನ ಗೇರ್ ಸೈಕಲ್‌ಗಳಿಗೆ ಕ್ಯಾರಿಯರ್ ಹಾಕಿಸಿಕೊಳ್ಳುವುದು ಹುಡುಗರಿಗೆ ಅವಮಾನ. ಹಾಕಿಸಿಕೊಳ್ಳಿ ಅನ್ನುವುದೇ ನನ್ನ ಸಲಹೆ. ಒಪ್ಪದಿದ್ದರೆ ಫ್ರೇಮಿನ ತ್ರಿಕೋನದ ಒಳಗೆ ಜಾಗ ಮಾಡಬೇಕು. ಹ್ಯಾಂಡಲ್ ಕಡೆಯಿಂದ ಪೆಡಲ್ ಕಡೆಗೆ ಇಳಿಯುವ ದಪ್ಪ ಪೈಪು ಇದೆಯಲ್ಲ, ಅದರ ಒಳಬದಿ ಒಳ್ಳೆಯ ಸ್ಥಳ. ಭಾರ ಕೆಳಗೆ, ನಡುವೆ ಇರುತ್ತದೆ.

ಯು ಲಾಕ್ ಜೊತೆ ಒಂದು ಪ್ಲಾಸ್ಟಿಕ್ ಹಿಡಿಕೆ ಕೊಡುತ್ತಾರೆ. ನಾನು ಮೂರು ಮುರಿದಿದ್ದೇನೆ. ಬಿಸಿಲಿಗೆ ಪ್ಲಾಸ್ಟಿಕ್ ಪೆಡಸಾಗುತ್ತದೆ, ಅದಕ್ಕೂ ಮೊದಲೇ ಪೈಪಿನ ಸುತ್ತ ತಿರುಗಿ ಬೀಗ ಮೊಣಕಾಲಿಗೆ ಬಡಿಯುತ್ತದೆ. ಹಿಡಿಕೆಯನ್ನೇ ಬಳಸುವುದಾದರೆ ಅದರ ಅಡಿಗೆ ಟ್ಯೂಬಿನ ತುಂಡು ಎರಡು ಸುತ್ತು ಸುತ್ತಿ, ಆಮೇಲೆ ಸ್ಕ್ರೂ ಬಿಗಿಯಿರಿ. ಜೊತೆಗೆ ಬಂದ ಪ್ಲಾಸ್ಟಿಕ್ ಪಟ್ಟಿ ತೆಗೆದು, ನೀರಿನ ಪೈಪಿಗೆ ಹಾಕುವ ಉಕ್ಕಿನ ಹೋಸ್ ಕ್ಲಾಂಪ್ ಹಾಕಿದರೆ ಇನ್ನೂ ವಾಸಿ. ಆದರೆ ಅಲ್ಯೂಮಿನಿಯಂ ಫ್ರೇಮ್ ಆದರೆ ಜೋರು ಮಾಡಿ ಬಿಗಿಯಬೇಡಿ, ಪೈಪು ನುಗ್ಗಾಗುತ್ತದೆ. ಬ್ರೇಕ್ ವೈರು, ಗೇರ್ ವೈರು ಕ್ಲಾಂಪಿನ ಅಡಿಗೆ ಸಿಕ್ಕಿಕೊಂಡಿದೆಯಾ ನೋಡಿ. ಸಿಕ್ಕಿದ್ದರೆ ಗೇರ್ ಬೀಳುವುದಿಲ್ಲ, ನೀವು ಮೆಕ್ಯಾನಿಕ್‌ನನ್ನು ಬೈಯುತ್ತೀರಿ.

ಆ ಪೈಪಿನಲ್ಲಿ ನೀರಿನ ಬಾಟಲಿ ಸ್ಟ್ಯಾಂಡಿಗೆಂದು ಎರಡು ಬೋಲ್ಟ್ ಇದ್ದರೆ ಅವನ್ನೇ ಉಪಯೋಗಿಸಿ. 64 ಮಿ.ಮೀ. ಅಂತರದ ಎರಡು ತೂತು, ಬಹುಪಾಲು ಸೈಕಲ್‌ಗಳಲ್ಲಿ ಇದೇ ಅಳತೆ. ಬಿಚ್ಚಲು 4 ಮಿ.ಮೀ. ಅಲೆನ್ ಕೀ (ಆರು ಮೂಲೆಯ ಸಣ್ಣ ಸ್ಪ್ಯಾನರ್) ಸಾಕು. ಮಡಚುವ ಬೀಗಗಳ ಹಿಡಿಕೆ ಸಾಮಾನ್ಯವಾಗಿ ಇಲ್ಲಿಗೇ ಕೂರುತ್ತದೆ, ತಿರುಗುವ ಮಾತೇ ಇಲ್ಲ.

ಸರಪಳಿಯವರು ಸೀಟಿನ ಕೆಳಗಿನ ಕಂಬಕ್ಕೆ ಎರಡು ಮೂರು ಸುತ್ತು ಸುತ್ತಿ ಬೀಗ ಹಾಕಿ. ಬಟ್ಟೆ ಹೊದಿಕೆ ಇರಲಿ, ಇಲ್ಲದಿದ್ದರೆ ಬಣ್ಣ ಹೋಗುತ್ತದೆ. ಕೆಳಗಿನ ಕೊಂಡಿಗೂ ಟೈರಿಗೂ ನಾಲ್ಕು ಬೆರಳು ಅಂತರ ಬೇಕು. ಹಿಂದೆ ಶಾಕ್ ಇರುವ ಸೈಕಲ್ ಆದರೆ ನೀವು ಕೂತ ಮೇಲೆ ಯಾರಾದರೂ ಅಳೆಯಲಿ. ಖಾಲಿ ಸೈಕಲ್‌ನಲ್ಲಿ ನಾಲ್ಕು ಬೆರಳಿದ್ದದ್ದು ನಿಮ್ಮ ಭಾರಕ್ಕೆ ಒಂದು ಬೆರಳಾಗಿರುತ್ತದೆ.

6. ಪರೀಕ್ಷೆ

ಸೈಕಲ್‌ನ ಹಿಂಭಾಗ ಒಂದು ಗೇಣು ಎತ್ತಿ ಕೈಬಿಡಿ. ಟಯರ್ ನೆಲಕ್ಕೆ ಬಡಿದ 'ದಬ್' ಅನ್ನುವ ಒಂದೇ ಸದ್ದು ಬರಬೇಕು. ಹಿಂದೆಯೇ 'ಗಡಗಡ' ಕೇಳಿದರೆ ಬಿಚ್ಚಿ ಮತ್ತೆ ಕಟ್ಟಿ. ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿಸಿ. ಪೆಡಲ್ ಹಿಂದಕ್ಕೆ ತುಳಿದು ಮೊಣಕಾಲು, ತೊಡೆ ತಾಗುತ್ತದಾ ನೋಡಿ. ಆಮೇಲೆ ಮನೆ ಹತ್ತಿರದ ಕೆಟ್ಟ ಹಂಪ್ ಮೇಲೆ ಎರಡು ಸಲ ಹೋಗಿ ಬನ್ನಿ. ನಮ್ಮೂರಲ್ಲಿ ಅದಕ್ಕೇನೂ ಬರ ಇಲ್ಲ.

7. ಹೊರದೇ ಇರುವ ದಾರಿ

ದಿನವೂ ಒಂದೇ ಕಡೆ ಹೋಗುವವರು ಭಾರದ ಬೀಗವನ್ನು ಅಲ್ಲೇ ಬಿಟ್ಟು ಬನ್ನಿ. ಕಾಲೇಜಿನ ಸ್ಟ್ಯಾಂಡಿನ ಸರಳಿಗೆ ಬೀಗ ಜಡಿದು ಕೀ ಮಾತ್ರ ಜೇಬಿಗೆ. ಸೆಕ್ಯೂರಿಟಿಯವರಿಗೆ ಒಂದು ಮಾತು ಹೇಳಿಡಿ, ಇಲ್ಲದಿದ್ದರೆ ಬೇಸಿಗೆ ರಜೆಯಲ್ಲಿ ಕತ್ತರಿಸಿ ಎಸೆಯುತ್ತಾರೆ. ಬೆಣ್ಣೆ ದೋಸೆಗೆ ನಿಂತಾಗ ಸೈಕಲ್ ಕಣ್ಣಿಗೆ ಕಾಣುವಂತಿದ್ದರೆ ಹಿಂದಿನ ಚಕ್ರದ ಕಡ್ಡಿಗಳ ನಡುವೆ ಸರಳು ತೂರುವ ಹಳೆಯ ಬೀಗವೇ ಸಾಕು. ಬೆಳಿಗ್ಗೆ ಕುಂದುವಾಡ ಕೆರೆಗೆ ಒಂದು ಸುತ್ತು ಹೋಗಿ ಬರುವವರು ಎರಡು ಕಿಲೋ ಕಬ್ಬಿಣ ಹೊರುವುದು ಯಾಕೋ ನನಗೆ ಇನ್ನೂ ಅರ್ಥವಾಗಿಲ್ಲ, ಇಳಿಯುವುದೇ ಇಲ್ಲವಲ್ಲ!

8. ಆಮೇಲಿನ ನಿಗಾ

ಬೀಗಕ್ಕೆ ಕೊಬ್ಬರಿ ಎಣ್ಣೆ ಬಿಡಬೇಡಿ. ಧೂಳು ಹಿಡಿದು ಒಳಗೆ ಅಂಟಾಗುತ್ತದೆ, ಡಿಸೆಂಬರ್ ಬೆಳಿಗ್ಗೆ ಗಟ್ಟಿಯಾಗಿ ಕೀ ತಿರುಗುವುದೇ ಇಲ್ಲ. ಪೆನ್ಸಿಲ್ ಸೀಸವನ್ನು ಪುಡಿ ಮಾಡಿ ಕೀಗೆ ಸವರಿ ನಾಲ್ಕು ಸಲ ತಿರುಗಿಸಿ. ಎರಡನೇ ಕೀ ಮನೆಯಲ್ಲಿರಲಿ. ಒಂದೇ ಗೊಂಚಲಿಗೆ ಎರಡನ್ನೂ ಹಾಕಿಕೊಂಡು ಓಡಾಡುವವರನ್ನು ಕಂಡಿದ್ದೇನೆ, ಅವರಿಗೆ ಏನು ಹೇಳುವುದು?

ರಬ್ಬರ್ ಪಟ್ಟಿ ಬಿಸಿಲಿಗೆ ಸಾಯುತ್ತದೆ. ಯುಗಾದಿಗೆ ಒಂದು ಸಲ ಹಿಗ್ಗಿಸಿ ನೋಡಿ, ಬಿರುಕು ಬಿಟ್ಟಿದ್ದರೆ ಬದಲಾಯಿಸಿ. ಹದಡಿ ರಸ್ತೆಯ ಆ ಹುಡುಗ ಮೊನ್ನೆ ಸಿಕ್ಕಿದ್ದ. ಕ್ಯಾರಿಯರ್ ಹಾಕಿಸಿದ್ದಾನೆ. ಪಟ್ಟಿಯನ್ನು ಚೆನ್ನಾಗಿಯೇ ಕಟ್ಟಿದ್ದ, ಬೀಗವನ್ನು ಮಾತ್ರ ಅಡ್ಡ ಇಟ್ಟಿದ್ದ. ನಿಲ್ಲಿಸಿ ತಿರುಗಿಸಿ ಕಟ್ಟಿಸಿದೆ.